ಡಬ್ಬಿ ಎಸ್‌ಎಸ್‌ಡಿನಾ, ಕಡ್ಡಿ ಎಸ್‌ಎಸ್‌ಡಿನಾ?

ಎಸ್‌ಎಸ್‌ಡಿ ಅಂದರೆ ಹಾರ್ಡ್‌ಡಿಸ್ಕಿನ ಕೆಲಸವನ್ನೇ ಅದಕ್ಕಿಂತ ಬೇಗ ಮಾಡುವ ಸಾಧನ. ಡಬ್ಬಿಯಂಥದ್ದೂ ಸಿಗುತ್ತದೆ, ಕಡ್ಡಿಯಂಥದ್ದೂ ಸಿಗುತ್ತದೆ. ನನ್ನ ಓಟು ಕಡ್ಡಿಗೇ. ಅದನ್ನು ಕೂರಿಸಲು ಮೂರು ದಿನ ಒದ್ದಾಡಿದ್ದು ನಿಜ. ಆದರೂ ಕಡ್ಡಿಗೇ.

ದಾವಣಗೆರೆ ಮಂಡಿಪೇಟೆಯ ಎರಡು ಅಂಗಡಿಗಳ ಲೆಕ್ಕ ಬರೆಯುವವನು ನಾನು. ಬೆಳಿಗ್ಗೆ ಲ್ಯಾಪ್‌ಟಾಪ್ ಆನ್ ಮಾಡಿ, ಕೆಳಗೆ ಹೋಗಿ ಚಹಾ ಕುಡಿದು ಬಂದರೂ ಟ್ಯಾಲಿ ತೆರೆದಿರುತ್ತಿರಲಿಲ್ಲ. ತಮ್ಮನ ಲ್ಯಾಪ್‌ಟಾಪಿನದೂ ಅದೇ ಹಣೆಬರಹ. ಮೆಕ್ಕೆಜೋಳದ ಸುಗ್ಗಿ ಶುರುವಾಗುವ ಮೊದಲೇ ಎರಡಕ್ಕೂ 256 ಜಿಬಿ ಎಸ್‌ಎಸ್‌ಡಿ ತಂದೆವು. ಅವನಿಗೆ ಎರಡೂವರೆ ಇಂಚಿನ ಡಬ್ಬಿ, ನನಗೆ ಮದರ್‌ಬೋರ್ಡಿನ ಸ್ಲಾಟಿಗೆ ತೂರಿಸುವ ಎಂ.2 ಕಡ್ಡಿ. ಕಡ್ಡಿಗೆ ಇನ್ನೂರು ರೂಪಾಯಿ ಜಾಸ್ತಿ ಬಿತ್ತು.

ಡಬ್ಬಿ ಹಾಕುವುದು ಹತ್ತು ನಿಮಿಷದ ಕೆಲಸ. ಹಳೇ ಹಾರ್ಡ್‌ಡಿಸ್ಕ್ ಬಿಚ್ಚಿ, ಅದೇ ಫ್ರೇಮಿಗೆ ಅವೇ ಸ್ಕ್ರೂ ಹಾಕಿ ಕೂರಿಸಿದರೆ ಮುಗಿಯಿತು.

ವೇಗದಲ್ಲಿ ವ್ಯತ್ಯಾಸ ಇಲ್ಲ. ಕಡ್ಡಿ ಅಂದ ಕೂಡಲೇ ಎನ್‌ವಿಎಂಇ, ಅಂದರೆ ಇನ್ನೂ ವೇಗದ ಬಗೆ, ಅಂದುಕೊಳ್ಳಬೇಡಿ. ನನ್ನ ಹಳೇ ಲ್ಯಾಪ್‌ಟಾಪಿನ ಸ್ಲಾಟ್ ಸಾಟಾ, ಅಂದರೆ ಡಬ್ಬಿಯೂ ಬಳಸುವ ಹಳೇ ಬಗೆ, ಮಾತ್ರ ಓದುತ್ತದೆ. ಹಾಗಾಗಿ ಎರಡಕ್ಕೂ ಸೆಕೆಂಡಿಗೆ ಸುಮಾರು 550 ಎಂಬಿಯೇ ಮಿತಿ. ಕಡ್ಡಿಯ ಚಿನ್ನದ ಬಣ್ಣದ ಅಂಚಿನಲ್ಲಿ ಎರಡು ಕಚ್ಚು ಇದ್ದರೆ ಸಾಮಾನ್ಯವಾಗಿ ಸಾಟಾ, ಒಂದೇ ಇದ್ದರೆ ಎನ್‌ವಿಎಂಇ. ಲೇಬಲ್ ಕೂಡ ಓದಿಕೊಳ್ಳಿ.

ಇನ್ನು ಮೂರು ದಿನ ಒದ್ದಾಡಿಸಿದ ಸ್ಕ್ರೂ ಕಥೆ. ಕಡ್ಡಿಯನ್ನು ಸ್ಲಾಟಿಗೆ ತಳ್ಳಿದರೆ ಬಾಲ ಎತ್ತಿಕೊಂಡು ನಿಲ್ಲುತ್ತದೆ. ಬೆರಳಲ್ಲಿ ಒತ್ತಿ ಹಿಡಿದು ತುದಿಗೆ ಒಂದು ಸ್ಕ್ರೂ ಬಿಗಿಯಬೇಕು. ಆ ಸ್ಕ್ರೂ ಲ್ಯಾಪ್‌ಟಾಪಿನಲ್ಲೂ ಇಲ್ಲ, ಕಡ್ಡಿಯ ಪ್ಯಾಕೆಟ್ಟಿನಲ್ಲೂ ಇಲ್ಲ! ಎರಡು ಮಿಲಿಮೀಟರ್ ದಪ್ಪ, ಮೂರು ಮಿಲಿಮೀಟರ್ ಉದ್ದದ್ದು. ಜೋಳದ ಕಾಳಿಗಿಂತ ಚಿಕ್ಕದು.

ಹಾರ್ಡ್‌ಡಿಸ್ಕಿನ ಸ್ಕ್ರೂ ಹಾಕಿ ನೋಡಿದೆ, ದಪ್ಪ ಆಯಿತು. ಹಾರ್ಡ್‌ವೇರ್ ಅಂಗಡಿಯವರು ಅಳತೆ ಕೇಳಿ, "ಸಾರ್, ನಮ್ಮಲ್ಲಿ ಬಾಗಿಲಿಗೆ ಹಾಕೋದು ಸಿಗುತ್ತೆ" ಎಂದರು. ವಾಚ್ ರಿಪೇರಿಯವರು ಕೊಟ್ಟಿದ್ದು ತೀರಾ ಸಣ್ಣದು. ತೂತಿನಿಂದ ಜಾರಿ ಒಳಗೆಲ್ಲೋ ಬಿತ್ತು. ಲ್ಯಾಪ್‌ಟಾಪನ್ನು ಮೊರದ ಹಾಗೆ ಕೇರಿ ಕೇರಿ ಅದನ್ನು ಹೊರಗೆ ತೆಗೆದೆ. ಒಂದು ರಾತ್ರಿ ಟೇಪ್ ಅಂಟಿಸಿ ನಡೆಸಿದ್ದೂ ಆಯಿತು. ಬಿಸಿಗೆ ಟೇಪ್ ಬಿಟ್ಟುಕೊಂಡು ಕಡ್ಡಿ ಮತ್ತೆ ಬಾಲ ಎತ್ತಿತು.

ಮೂರನೇ ದಿನ ಅಶೋಕ ರಸ್ತೆ ಕಡೆಯ ರಿಪೇರಿ ಹುಡುಗನೊಬ್ಬ ಸತ್ತ ಮದರ್‌ಬೋರ್ಡ್‌ಗಳ ಡಬ್ಬದಲ್ಲಿ ಕೈಯಾಡಿಸಿ, ಮ್ಯಾಗ್ನೆಟ್ ಇರುವ ಸ್ಕ್ರೂಡ್ರೈವರ್ ತುದಿಯಲ್ಲಿ ಒಂದನ್ನು ಎತ್ತಿದ. ಇಪ್ಪತ್ತು ರೂಪಾಯಿ ಕೊಟ್ಟೆ. ಎರಡನೆಯದನ್ನು ಅವನೇ ಸುಮ್ನೆ ಕೊಟ್ಟ.

ಇಷ್ಟಾದರೂ ಕಡ್ಡಿಯೇ ಯಾಕೆ? ಹಳೇ ಹಾರ್ಡ್‌ಡಿಸ್ಕ್ ಅಲ್ಲೇ ಉಳಿಯಿತು, ಅಲ್ವಾ! ಎಂಟು ವರ್ಷದ ಲೆಕ್ಕ, ಜಿಎಸ್‌ಟಿ ಕಾಗದಗಳ ಸ್ಕ್ಯಾನು ಎಲ್ಲ ಅದರಲ್ಲೇ ಇವೆ. ವಿಂಡೋಸ್, ಟ್ಯಾಲಿ ಮಾತ್ರ ಕಡ್ಡಿಯಲ್ಲಿ. ಲ್ಯಾಪ್‌ಟಾಪ್ ಆನ್ ಆದಾಗ ಮೊದಲು ಯಾವುದನ್ನು ಓದಬೇಕೆಂದು ಹೇಳುವ ಬಯೋಸ್ ಸೆಟ್ಟಿಂಗಿನಲ್ಲಿ ಕಡ್ಡಿಯನ್ನು ಮೊದಲ ಸಾಲಿಗೆ ತಂದೆ, ಅಷ್ಟೆ. ತಮ್ಮನಿಗಾದರೆ ಹಳೇ ಡಿಸ್ಕ್ ಹೊರಗೆ ಬಂತು. ಅದಕ್ಕೊಂದು ಯುಎಸ್‌ಬಿ ಕೇಸ್ ಕೊಳ್ಳಬೇಕಾಯಿತು. ಅಲ್ಲಿಗೆ ನನ್ನ ಇನ್ನೂರು ರೂಪಾಯಿ ಸರಿಹೋಯಿತು. ಆ ಕೇಸನ್ನು ಅವನು ವಾರಕ್ಕೆರಡು ಸಲ ಮನೆಯಲ್ಲೇ ಮರೆತು ಹೋಗುತ್ತಾನೆ.

ಈಗ ತನಗೂ ಕಡ್ಡಿ ಬೇಕಂತೆ. ನನ್ನ ಹತ್ತಿರ ಸ್ಕ್ರೂ ಏನೋ ಒಂದು ಉಳಿದಿದೆ. ಅವನ ಲ್ಯಾಪ್‌ಟಾಪಿನಲ್ಲಿ ಸ್ಲಾಟೇ ಇಲ್ಲ.