ಓಡುತ್ತಿರುವ ಪಂಪನ್ನು ನಂಬಿ ಊರಿಗೆ ಹೋಗಬೇಡಿ

ಕಲಬುರಗಿಯಲ್ಲಿ ಕೂತು ಸಮುದ್ರದ ಮೀನು ಸಾಕುತ್ತೇನೆ ಅಂದರೆ ಜನ ಒಮ್ಮೆ ಮುಖ ನೋಡಿ ಸುಮ್ಮನಾಗುತ್ತಾರೆ. ನಮ್ಮ ಅವ್ವ ಮಾತ್ರ ಸುಮ್ಮನಿರುವವಳಲ್ಲ. "ಸಮುದ್ರ ನೋಡಬೇಕಂದ್ರ ಗೋಕರ್ಣಕ್ಕ ಹೋಗಬೇಕಪ್ಪ, ಮನಿಗಿ ತರಬಾರದು" ಅಂತ ಮೊದಲ ದಿನವೇ ಹೇಳಿದ್ದಳು. ಕಳೆದ ಮೇ ತಿಂಗಳಲ್ಲಿ ಅದು ಅಕ್ಷರಶಃ ಮನೆ ತುಂಬ ಹರಿದ ಮೇಲೆ ಈ ಬರಹ ಬರೆಯುತ್ತಿದ್ದೇನೆ. ರೀಫ್ ಟ್ಯಾಂಕ್ (ಹವಳ, ಸಮುದ್ರದ ಮೀನು ಸಾಕುವ ಉಪ್ಪುನೀರಿನ ಗಾಜಿನ ತೊಟ್ಟಿ) ಇಟ್ಟವರು, ಇಡಬೇಕೆಂದಿರುವವರು ಪೂರ್ತಿ ಓದಿ. ಅದರಲ್ಲೂ ನಮ್ಮ ಕಡೆಯ ಹಾಗೆ ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದು ಮಾಡುವ ಊರಿನವರು.

ನನ್ನದು ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕು. ಕೆಳಗೆ ಕ್ಯಾಬಿನೆಟ್ಟಿನಲ್ಲಿ ಸಂಪ್. (ಸಂಪ್ ಅಂದರೆ ಮನೆ ಮುಂದೆ ಅಗೆಸುವ ನೀರಿನ ಸಂಪಲ್ಲ. ಮೇಲಿನ ಟ್ಯಾಂಕಿನಿಂದ ಉಕ್ಕಿ ಇಳಿದ ನೀರು ಸೋಸಿಕೊಂಡು ಮತ್ತೆ ಮೇಲೆ ಹೋಗುವ ಇನ್ನೊಂದು ಗಾಜಿನ ತೊಟ್ಟಿ.) ಕಲ್ಲುಬಂಡೆ ಬಿಟ್ಟು ಎರಡರಲ್ಲೂ ಸೇರಿ ಸುಮಾರು 240 ಲೀಟರ್ ನೀರು. ಒಳಗಿದ್ದದ್ದು ಎರಡು ಕ್ಲೌನ್ ಮೀನು, ಒಂದು ಟ್ಯಾಂಗ್ ಮೀನು, ಎರಡು ಕ್ಲೀನರ್ ಸೀಗಡಿ, ಒಂದಿಷ್ಟು ಮೆತ್ತನೆ ಹವಳ. ಕಲ್ಲುಹವಳ ನನ್ನಲ್ಲಿಲ್ಲ, ಕೇಳಲೂಬೇಡಿ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ. "ಎಲ್ಲಾರೂ ಇಟ್ಟಾರ್ರೀ" ಅಂತ ಮಾರಲು ಬರುವವರ ಮಾತು ಕೇಳಿದರೆ ಹುಲಿಗೆ ಅನ್ವಯಿಸುವ ಅನುಸೂಚಿಯೇ ನಿಮ್ಮ ಡ್ರಾಯಿಂಗ್ ರೂಮಿಗೂ ಬರುತ್ತದೆ.

ನೀರು ಓಡಿಸಲು ಎರಡು ಪಂಪು. ಸಂಪಿನಿಂದ ಮೇಲಕ್ಕೆ ಎತ್ತುವ ರಿಟರ್ನ್ ಪಂಪು ಒಂದು, ಟ್ಯಾಂಕಿನೊಳಗೆ ಅಲೆ ಎಬ್ಬಿಸುವ ವೇವ್‌ಮೇಕರ್ ಒಂದು. ಎರಡೂ ನೇರ ಗೋಡೆಯ ಪ್ಲಗ್ಗಿಗೆ ಹಾಕುವ 230 ವೋಲ್ಟಿನವು. ಎರಡನ್ನೂ ಒಂದೇ ಅಂಗಡಿಯಲ್ಲಿ, ಒಂದೇ ದಿನ, ಅಗ್ಗಕ್ಕೆ ಸಿಕ್ಕವೆಂದು ಖುಷಿಯಿಂದ ತಂದಿದ್ದೆ. ಅಂಗಡಿಯವರು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಎರಡ್ ವರ್ಷ ಬಿಚ್ಚಿ ನೋಡೂ ಕೆಲಸಾನೇ ಇಲ್ರೀ ಅಣ್ಣಾರ. ಹಾಕ್ರಿ, ಮರ್ತಬಿಡ್ರಿ."

ಹಾಕಿದೆ, ಮರೆತೆ. ಹದಿನಾಲ್ಕು ತಿಂಗಳು ಎರಡೂ ನಿಲ್ಲದೆ ತಕರಾರಿಲ್ಲದೆ ಓಡಿದವು ಅಂದುಕೊಂಡಿದ್ದೆ.

ಹುಣ್ಣಿಮೆಗೆ ಅವ್ವನನ್ನು ಗಾಣಗಾಪುರಕ್ಕೆ ಕರೆದುಕೊಂಡು ಹೋಗಿ ರಾತ್ರಿ ಅಲ್ಲೇ ಉಳಿದಿದ್ದೆವು. ಬೆಳಿಗ್ಗೆ ಆರಕ್ಕೆ ಪಕ್ಕದ ಮನೆಯ ಕಾಕಾ ಫೋನ್ ಮಾಡಿದರು. "ನಿಮ್ಮ ಬಾಗಿಲ ಕೆಳಗಿಂದ ನೀರ ಬಂದಾದ ನೋಡ್ರಿ. ನಲ್ಲಿ ಬಿಟ್ಟು ಹೋಗೀರೇನು?" ಎಂಟಕ್ಕೆ ಮನೆ ಮುಟ್ಟಿದೆವು. ಹೊಸ್ತಿಲ ಮುಂದಿನ ರಂಗೋಲಿ ಅರ್ಧ ಕರಗಿತ್ತು. ಉಳಿದರ್ಧದ ಪಕ್ಕದಲ್ಲಿ ನೀರು ಆರಿ ಉಪ್ಪು ಬೆಳ್ಳಗೆ ಗೆರೆ ಕಟ್ಟಿತ್ತು. ಯಾವುದು ರಂಗೋಲಿ, ಯಾವುದು ಉಪ್ಪು ಎಂದು ಬೆರಳಿಟ್ಟು ನೋಡಬೇಕಾಯಿತು.

ಒಂದು ಬುದ್ಧಿ ಮಾತ್ರ ಉಳಿದಿತ್ತು, ಒಳಗೆ ಕಾಲಿಡುವ ಮುಂಚೆ ಮೇನ್ ಸ್ವಿಚ್ ಇಳಿಸಿದೆ. ಉಪ್ಪುನೀರು ಕರೆಂಟನ್ನು ಚೆನ್ನಾಗಿ ಹರಿಸುತ್ತದೆ, ನನ್ನ ಎಕ್ಸ್‌ಟೆನ್ಷನ್ ಬೋರ್ಡು ನೆಲದ ಮೇಲಿತ್ತು. ಇವತ್ತು ಆ ಬೋರ್ಡು ಗೋಡೆಗೆ ಎತ್ತರದಲ್ಲಿದೆ, ಸಾಲಿನಲ್ಲಿ 30 ಮಿಲಿ ಆಂಪಿಯರಿನ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನಾಗಿ ಬಂದ್ ಆಗುವ ಸ್ವಿಚ್) ಇದೆ, ಪ್ರತಿ ವೈರೂ ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಮೇಲೇರುತ್ತದೆ. ವೈರಿನ ಮೇಲೆ ಹರಿದ ಹನಿ ಆ ಜೋಲಿನಲ್ಲೇ ತೊಟ್ಟಿಕ್ಕಬೇಕು, ಪ್ಲಗ್ಗಿನೊಳಗಲ್ಲ.

ಕಾಕಾ ಹೇಳಿದ ಲೆಕ್ಕ ಹೀಗೆ: ರಾತ್ರಿ ಹತ್ತಕ್ಕೆ ಕರೆಂಟ್ ಹೋಯಿತು, ಹನ್ನೆರಡೂವರೆಗೆ ಬಂತು. ಎರಡೂವರೆ ತಾಸು. ನನ್ನ ಟ್ಯಾಂಕಿನಲ್ಲಿ ನೀರು ನಿಂತಿದ್ದು ಹತ್ತು ತಾಸು. ಕರೆಂಟ್ ಬಂದ ಮೇಲೆ ಎರಡೂ ಪಂಪು ಹೊರಡಲೇ ಇಲ್ಲ. ಮೇನ್ ಹಾಕಿದಾಗ ರಿಟರ್ನ್ ಪಂಪು ಗುಂಯ್ ಅನ್ನುತ್ತಿತ್ತು, ಒಂದು ಹನಿ ಮೇಲೆ ಬರುತ್ತಿರಲಿಲ್ಲ.

ಮೊದಲು ನೆಲದ ನೀರಿನ ಕತೆ. ರಿಟರ್ನ್ ಪಂಪು ನಿಂತ ಕೂಡಲೇ ಅದೇ ಪೈಪಿನಲ್ಲಿ ಸೈಫನ್ ಹಿಡಿದು ನೀರು ವಾಪಸ್ ಇಳಿಯಲು ಶುರುವಾಗುತ್ತದೆ, ಮೇಲಿನ ನಾಝಲ್ ಗಾಳಿಗೆ ತೆರೆದುಕೊಳ್ಳುವವರೆಗೂ ನಿಲ್ಲುವುದಿಲ್ಲ. ನನ್ನ ನಾಝಲ್ ನೀರಿನ ಮಟ್ಟಕ್ಕಿಂತ 6 ಸೆಂಟಿಮೀಟರ್ ಕೆಳಗಿತ್ತು. ಆ ಅಳತೆಯ ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ಅಂದರೆ 5.4 ಲೀಟರ್, ಆರಕ್ಕೆ 32. ಸಂಪಿನಲ್ಲಿ ಖಾಲಿ ಇದ್ದ ಜಾಗ ಹತ್ತು ಲೀಟರಿನದು. ಉಳಿದದ್ದೆಲ್ಲ ಅವ್ವನ ರಂಗೋಲಿಗೆ. ಇದನ್ನು ತಡೆಯಲೆಂದೇ ಪೈಪಿಗೆ ನೀರಿನ ಮಟ್ಟದ ಸ್ವಲ್ಪ ಕೆಳಗೆ ಸಣ್ಣ ತೂತು ಕೊರೆದಿದ್ದೆ. ಮಟ್ಟ ಇಳಿದಾಗ ಅದರಿಂದ ಗಾಳಿ ಹೊಕ್ಕು ಸೈಫನ್ ಮುರಿಯಬೇಕು. ಆ ತೂತಿನಲ್ಲಿ ಪಾಚಿ ಬೆಳೆದು ಮುಚ್ಚಿಹೋಗಿತ್ತು. ಕೆಲವರು ಚೆಕ್ ವಾಲ್ವ್ (ನೀರು ಹಿಂದಕ್ಕೆ ಬರದಂತೆ ಮುಚ್ಚಿಕೊಳ್ಳುವ ವಾಲ್ವು) ಹಾಕಿಸಿ ನಿಶ್ಚಿಂತೆ ಅನ್ನುತ್ತಾರೆ. ಸುಣ್ಣ ಕಟ್ಟುವ ನೀರಿನಲ್ಲಿ ಅದರ ಮುಚ್ಚಳವೂ ಒಂದು ದಿನ ಸರಿಯಾಗಿ ಕೂರುವುದಿಲ್ಲ. ನಾಝಲನ್ನು ಎತ್ತರಿಸಿ, ಸಂಪಿನಲ್ಲಿ ಜಾಗ ಬಿಡಿ. ತೂತು, ವಾಲ್ವು ಎಲ್ಲ ಆಮೇಲೆ.

ಟ್ಯಾಂಗ್ ಸತ್ತು ಮೂಲೆಯಲ್ಲಿ ಬಿದ್ದಿತ್ತು. ಎರಡೂ ಕ್ಲೌನ್ ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ತೇಲುತ್ತಿದ್ದವು. ಸೀಗಡಿ ಒಂದೇ ಕಂಡಿತು. ಥರ್ಮಾಮೀಟರ್ 31 ತೋರಿಸುತ್ತಿತ್ತು. ಮುಚ್ಚಿದ ಮನೆ, ಮೇ ತಿಂಗಳು, ಕಲಬುರಗಿ. 26 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಹಿಡಿದರೆ ಸಮುದ್ರದ ನೀರು ಹಿಡಿಯುವುದು 6.7ರ ಆಸುಪಾಸು. ಬಿಸಿಯೇರಿದಂತೆ ಅದೂ ಇಳಿಯುತ್ತದೆ. ರಾತ್ರಿ ಹವಳ, ಪಾಚಿ, ಬಂಡೆಯೊಳಗಿನ ಬ್ಯಾಕ್ಟೀರಿಯಾ ಎಲ್ಲವೂ ಅದನ್ನೇ ಎಳೆದುಕೊಳ್ಳುತ್ತವೆ. ಮೇಲ್ಮೈ ಅಲುಗದಿದ್ದರೆ ಹೊಸದು ಒಳಗೆ ಬರುವುದಿಲ್ಲ. ದೊಡ್ಡ ಮೀನು ಮೊದಲು ಹೋಗುತ್ತದೆ.

ಈಗ ಪಂಪು. ರಿಟರ್ನ್ ಪಂಪಿನ ಮುಚ್ಚಳ ತಿರುಗಿಸಿ ತೆಗೆದರೆ ಒಳಗೆಲ್ಲ ನೀರು ಕಾಯಿಸುವ ಹಂಡೆಯ ತಳದ ಹಾಗೆ ಬಿಳಿ ಸುಣ್ಣ. ರೀಫ್ ನೀರಿನಲ್ಲಿ ಕ್ಯಾಲ್ಸಿಯಂ 420 ಪಿಪಿಎಂ ಆಸುಪಾಸು ಬೇಕೆಂದು ನಾವೇ ಕಾಪಾಡುತ್ತೇವೆ. ಪಂಪಿನ ಮೋಟರಿನ ಬಿಸಿ ಗೋಡೆ ಸಿಕ್ಕರೆ ಅದು ಅಲ್ಲೇ ಗಟ್ಟಿಯಾಗಿ ಕೂರುತ್ತದೆ. ತಿರುಗುತ್ತಿರುವ ಇಂಪೆಲ್ಲರ್ (ಅಯಸ್ಕಾಂತಕ್ಕೆ ಜೋಡಿಸಿದ, ನೀರು ತಳ್ಳುವ ಪುಟ್ಟ ಚಕ್ರ) ತನ್ನಷ್ಟಕ್ಕೆ ಉಜ್ಜಿಕೊಂಡು ಕೂದಲೆಳೆಯಷ್ಟು ಜಾಗ ಉಳಿಸಿಕೊಂಡು ಓಡುತ್ತಲೇ ಇರುತ್ತದೆ. ನಮಗೆ ಏನೂ ಗೊತ್ತಾಗುವುದಿಲ್ಲ. ಒಮ್ಮೆ ನಿಂತಿತೋ, ಮತ್ತೆ ಹೊರಡಲು ಬೇಕಾದ ಬಲ ಇಂಥ ಸಣ್ಣ ಮೋಟರಿಗಿಲ್ಲ. ಹದಿನಾಲ್ಕು ತಿಂಗಳು ಸರಿಯಾಗಿ ಓಡಿದ್ದೇ ನನಗೆ ಆದ ಮೋಸ.

ವೇವ್‌ಮೇಕರಿನದು ಇನ್ನೂ ಕೆಟ್ಟದ್ದು. ಅದನ್ನು ಮನೆಯ ಇನ್ವರ್ಟರಿಗೆ ಕೊಟ್ಟಿದ್ದೆ, ಕರೆಂಟ್ ಹೋದರೂ ಓಡಲಿ ಅಂತ. ನಮ್ಮದು ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್, ಅಂದರೆ ಲೈನಿನ ಕರೆಂಟಿನಷ್ಟು ನಯವಲ್ಲದ ಕರೆಂಟ್ ಕೊಡುವಂಥದ್ದು. ಅದರ ಮೇಲೆ ಇಂಥ ಪಂಪುಗಳು ಗೊರಗುಡುತ್ತವೆ, ಬಿಸಿಯಾಗುತ್ತವೆ. ಏಪ್ರಿಲ್ ತುಂಬ ಆ ಸದ್ದು ಕೇಳಿಯೂ ನಾನು ಫ್ಯಾನಿನದು ಅಂದುಕೊಂಡಿದ್ದೆ. ಬಿಚ್ಚಲು ಹೋದರೆ ಇಂಪೆಲ್ಲರ್ ಹೊರಗೆ ಬರಲೇ ಇಲ್ಲ. ಇಕ್ಕಳ ಹಾಕಿ ಎಳೆದಾಗ ಪಿಂಗಾಣಿಯ ಶಾಫ್ಟ್ ಟಪ್ ಅಂತ ಮುರಿಯಿತು. ಒಳಗಿನ ಅಯಸ್ಕಾಂತದ ಮೇಲಿನ ಲೇಪ ಸೀಳಿ, ಉಪ್ಪುನೀರು ಹೊಕ್ಕು, ತುಕ್ಕು ಹಿಡಿದು ನೆನೆದ ಕಡಲೆಕಾಳಿನ ಹಾಗೆ ಉಬ್ಬಿತ್ತು. ಇನ್ವರ್ಟರಿಗೆ ಬದಲಾಗುವ ಆ ಒಂದು ಕ್ಷಣ ನಿಂತದ್ದು, ಉಬ್ಬಿದ ಅಯಸ್ಕಾಂತ ಹೊತ್ತು ಮತ್ತೆ ತಿರುಗಲಿಲ್ಲ. ಮುರಿದ ಪಂಪು ಹಿಡಿದುಕೊಂಡು ಅಂಗಡಿಗೆ ಹೋದರೆ ಅವರು ಡಬ್ಬಿಯ ತಳದ ಸಣ್ಣ ಅಕ್ಷರ ತೋರಿಸಿದರು. ಸಿಹಿನೀರಿಗೆ ಮಾತ್ರ ಅಂತ ಇತ್ತು. ಸಮುದ್ರದ ಟ್ಯಾಂಕಿಗೆಂದು ಕೇಳಿಯೇ ತಂದವನು ನಾನು. ಓದದೆ ತಂದವನೂ ನಾನೇ.

ರಿಟರ್ನ್ ಪಂಪು ಬದುಕಿತು. ಕಿರಾಣಿ ಅಂಗಡಿಯ ಬಿಳಿ ವಿನೆಗರ್, ಗೋಬಿ ಮಂಚೂರಿ ಗಾಡಿಯವರು ಬಳಸುವ ಅದೇ ವಿನೆಗರ್, ಅಷ್ಟೇ ನೀರಿನೊಂದಿಗೆ ಬೆರೆಸಿ ಬಿಡಿಭಾಗಗಳನ್ನು ಮುಕ್ಕಾಲು ತಾಸು ಮುಳುಗಿಸಿದೆ. ಬುರುಬುರು ಗುಳ್ಳೆ ಎದ್ದು ಸುಣ್ಣ ಬಿಟ್ಟಿತು. ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ ತೊಳೆದು ಹಾಕಿದೆ, ಹೊರಟಿತು. ನಿಂಬೆ ಉಪ್ಪಿನ ನೀರೂ ಆಗುತ್ತದೆ. ಸಾಬೂನು ಬೇಡ, ಬಚ್ಚಲು ತೊಳೆಯುವ ಆ್ಯಸಿಡ್ ಖಂಡಿತ ಬೇಡ.

ಗಡಿಬಿಡಿಯಲ್ಲಿ ಇನ್ನೊಂದು ಎಡವಟ್ಟು ಮಾಡಿಕೊಂಡೆ. ಪಂಪು ನೀರನ್ನು ಮೇಲೆತ್ತಿದ ಮೇಲೆ ಸಂಪಿನಲ್ಲಿ ಚೆಲ್ಲಿಹೋದ 22 ಲೀಟರ್ ಕಡಿಮೆ ಬಿತ್ತು. ಆವಿಯಾದ ನೀರು ತುಂಬಲು ಇಟ್ಟಿದ್ದ ಆಟೋ ಟಾಪ್ ಆಫ್‌ಗೆ ಅದೆಲ್ಲ ಆವಿಯೇ. ಸಂಜೆಯೊಳಗೆ ಅಷ್ಟೂ ಆರ್‌ಓ ಸಿಹಿನೀರು ಸುರಿದಿತ್ತು. ಉಪ್ಪುನೀರಿನ ಸಾಂದ್ರತೆ (ಸಿಹಿನೀರಿನದು 1 ಅಂತ ಹಿಡಿದರೆ) 1.026 ಇದ್ದದ್ದು 1.024ಕ್ಕೆ ಇಳಿದಿತ್ತು. ನೆಲಕ್ಕೆ ನೀರು ಚೆಲ್ಲಿದ ದಿನ ಮೊದಲು ಅದರ ಪ್ಲಗ್ ಕೀಳಿ, ಚೆಲ್ಲಿದಷ್ಟು ಉಪ್ಪುನೀರು ಕಲಸಿ ಹಾಕಿ.

ಈಗ ಪಂಪು ಕೊಳ್ಳುವವರು ನನ್ನನ್ನು ಕೇಳಿದರೆ ಡಬ್ಬಿಯ ಮೇಲಿನ ದೊಡ್ಡ ಅಂಕಿಯ ಬಗ್ಗೆ ಕೊನೆಗೆ ಮಾತಾಡುತ್ತೇನೆ. ಮೊದಲ ಪ್ರಶ್ನೆ: ಇಂಪೆಲ್ಲರ್ ಬಿಡಿಯಾಗಿ ಸಿಗುತ್ತದೆಯೇ? ಸಿಗದಿದ್ದರೆ ಆ ಪಂಪು ಬೇಡ. ಸಿಕ್ಕರೆ ಪಂಪಿನ ಜೊತೆಗೇ ಒಂದು ತೆಗೆದಿಡಿ. ಮುಂಬೈಯಿಂದಲೋ ಹೈದರಾಬಾದಿನಿಂದಲೋ ಕೊರಿಯರ್ ಬರುವವರೆಗೆ ಮೀನು ಕಾಯುವುದಿಲ್ಲ. ಎರಡನೆಯದು, ಕರೆಂಟ್ ಹೋಗಿ ಬಂದಾಗ ತಾನಾಗಿ ಹೊರಡುತ್ತದೆಯೇ? ನಾನು ಈಗ ಹಾಕಿರುವುದು 24 ವೋಲ್ಟಿನ ಡಿಸಿ ಪಂಪು. ಕಡಿಮೆ ವಾಟ್ ತಿನ್ನುತ್ತದೆ, ಅದು ನಮ್ಮೂರಿಗೆ ದೊಡ್ಡ ಮಾತು. ನೀರೊಳಗಿನ ಪಂಪು ತಿಂದ ವಾಟ್ ಬಹುಪಾಲು ಬಿಸಿಯಾಗಿ ನೀರಿಗೇ ಸೇರುತ್ತದೆ. ಆದರೆ ಡಿಸಿಯಲ್ಲೂ ಕೆಲವು ಅಗ್ಗದ ಕಂಟ್ರೋಲರುಗಳು ಕರೆಂಟ್ ಬಂದ ಮೇಲೆ ಯಾರಾದರೂ ಬಟನ್ ಒತ್ತಲಿ ಎಂದು ಕಾಯುತ್ತ ಕೂರುತ್ತವೆ. ಅಂಗಡಿಯಲ್ಲೇ ಬಕೆಟ್ಟಿಗಿಟ್ಟು ಪ್ಲಗ್ ಕಿತ್ತು ಹಾಕಿ ನೋಡಿ. ಬೇಜಾರಾದರೆ ಆಗಲಿ.

ಆ ಅಂಕಿ ಬಗ್ಗೆ: ನನ್ನ ಹಳೆಯ ರಿಟರ್ನ್ ಪಂಪಿನ ಡಬ್ಬಿ ತಾಸಿಗೆ 3000 ಲೀಟರ್ ಅನ್ನುತ್ತಿತ್ತು. ಅದು ನೀರನ್ನು ಒಂದಿಂಚೂ ಎತ್ತದಿದ್ದಾಗಿನ ಲೆಕ್ಕ. ನಾಝಲಿಗೆ ಪೈಪು ಹಚ್ಚಿ 20 ಲೀಟರಿನ ಬಕೆಟ್ ಹಿಡಿದು ಮೊಬೈಲಿನಲ್ಲಿ ಸಮಯ ನೋಡಿದೆ, ತುಂಬಲು 58 ಸೆಕೆಂಡು. ತಾಸಿಗೆ 1240 ಲೀಟರ್. ರಿಟರ್ನಿಗೆ ಅಷ್ಟು ಸಾಕೇ ಸಾಕು. ಟ್ಯಾಂಕಿನ ನೀರು ತಾಸಿಗೆ ಐದು ಸಲ ಸುತ್ತಿದಂತಾಯಿತು. ಅಲೆಯ ಕೆಲಸ ವೇವ್‌ಮೇಕರಿನದು. ಮೆತ್ತನೆ ಹವಳಕ್ಕೆ ಹತ್ತರಿಂದ ಇಪ್ಪತ್ತು ಪಟ್ಟು ಹರಿವು ಸಾಕು. ಅದನ್ನೂ ಒಂದು ದೊಡ್ಡದರಿಂದ ಮಾಡಬೇಡಿ, ಎರಡು ಸಣ್ಣವು ಹಾಕಿ. ಒಂದು ಕೈಕೊಟ್ಟ ರಾತ್ರಿ ಇನ್ನೊಂದು ಇರುತ್ತದೆ. ಇವಲ್ಲದೆ ಕರೆಂಟ್ ಹೋದ ಕೂಡಲೇ ತಾನೇ ಶುರುವಾಗುವ ಬ್ಯಾಟರಿಯ ಏರ್ ಪಂಪ್ ಒಂದು ಇದೆ. ಕೆಲವು ನೂರು ರೂಪಾಯಿಯ ವಸ್ತು. ಅದಿದ್ದಿದ್ದರೆ ಟ್ಯಾಂಗ್ ಬಹುಶಃ ಉಳಿಯುತ್ತಿತ್ತು.

ಇಷ್ಟೆಲ್ಲ ಮಾಡದಿದ್ದರೂ ಇದೊಂದು ಮಾಡಿ. ತಿಂಗಳಿಗೊಮ್ಮೆ, ನೀವು ಮನೆಯಲ್ಲಿರುವಾಗ, ಟ್ಯಾಂಕಿನ ಮೇನ್ ಆಫ್ ಮಾಡಿ ಹತ್ತು ನಿಮಿಷ ಕೂತು ನೋಡಿ. ಸಂಪ್ ಎಲ್ಲಿವರೆಗೆ ತುಂಬುತ್ತದೆ, ಸೈಫನ್ ಯಾವಾಗ ಮುರಿಯುತ್ತದೆ. ಆಮೇಲೆ ಆನ್ ಮಾಡಿ ಕಿವಿ ಕೊಡಿ. ಹೀಗೆ ಮೂರು ಸಲ. ಊರಿಗೆ ಹೋಗುವ ಹಿಂದಿನ ದಿನವಂತೂ ತಪ್ಪಿಸಬೇಡಿ. ಪಂಪು ಬಿಚ್ಚಿ ತೊಳೆಯಲು ಮೂರು ತಿಂಗಳು ಸಾಮಾನ್ಯ ಲೆಕ್ಕ, ಬೇಸಿಗೆಯಲ್ಲಿ ನಾನು ಎರಡಕ್ಕೇ ಬಿಚ್ಚುತ್ತೇನೆ.

ಈ ಭಾನುವಾರದ ಪರೀಕ್ಷೆಯಲ್ಲಿ ಎರಡನೇ ಸಲಕ್ಕೆ ರಿಟರ್ನ್ ಪಂಪು ಒಂದು ಕ್ಷಣ ತಡವರಿಸಿ ಹೊರಟಿತು. ತೊಳೆದು ಇನ್ನೂ ಏಳು ವಾರ. ವಿನೆಗರ್ ಬಕೆಟ್ಟಿಗೆ ಸುರಿದು, ಪಂಪನ್ನು ಮುಳುಗಿಸಿಟ್ಟು ಬಂದು ಇದನ್ನು ಬರೆಯುತ್ತಿದ್ದೇನೆ. ಅವ್ವ ಅಡುಗೆಮನೆಯಿಂದ ಕೇಳುತ್ತಿದ್ದಾಳೆ, ಮನೆಯೆಲ್ಲ ಯಾಕೆ ಉಪ್ಪಿನಕಾಯಿ ವಾಸನೆ ಅಂತ.