ಲಂಡನ್ ಮೇಯರ್ ವರದಿ: ನಗರಕ್ಕೆ ಒಪ್ಪಿಸುವ ಲೆಕ್ಕ ಎಷ್ಟು ಉಪಯುಕ್ತ?

ನಗರದ ಕಾಮಗಾರಿ, ಸಾರಿಗೆ ಮತ್ತು ಸಾರ್ವಜನಿಕ ಉತ್ಸವಗಳ ಬಗ್ಗೆ ಲಂಡನ್ ಮೇಯರ್ ಕಚೇರಿ ವರ್ಷವಿಡೀ ಕೊಡುವ ಮಾಹಿತಿಯನ್ನು ನಾನು ಬಸ್ ಸೌಕರ್ಯದಂತೆಯೇ ಒಂದು ಸೇವೆಯೆಂದು ಪರಿಗಣಿಸುತ್ತೇನೆ. ಅದಕ್ಕೆ ತೆರಿಗೆಯ ಹಣ ಖರ್ಚಾಗುತ್ತದೆ. ಹೊಸ ರೈಲು ಮಾರ್ಗ ಯಾವಾಗ ಆರಂಭವಾಗುತ್ತದೆ, ಯಾವ ರಸ್ತೆಗೆ ಸುಂಕ ಬೀಳುತ್ತದೆ ಎಂಬ ಮಾತನ್ನು ನಂಬಿ ಜನರು ಮನೆ ಹಿಡಿಯುತ್ತಾರೆ, ಅಂಗಡಿ ತೆರೆಯುತ್ತಾರೆ, ಕೆಲಸ ಬದಲಾಯಿಸುತ್ತಾರೆ. ಹೀಗಿರುವಾಗ ಆ ಮಾಹಿತಿಯ ಗುಣಮಟ್ಟವನ್ನು ತೂಗಿ ನೋಡುವುದು ಅಗತ್ಯ. ಈ ಊರಿಗೆ ಹೊಸದಾಗಿ ಬರುವ ಕನ್ನಡಿಗರು ಇದನ್ನು ಹೇಗೆ ಬಳಸಿಕೊಳ್ಳಬಹುದು ಎಂಬುದನ್ನೂ ಇಲ್ಲಿ ಹೇಳುತ್ತೇನೆ. ನನ್ನ ತೀರ್ಮಾನವನ್ನು ಮೊದಲೇ ತಿಳಿಸುವುದಾದರೆ, ಪ್ರಶ್ನೋತ್ತರದ ವ್ಯವಸ್ಥೆ ಅತ್ಯುತ್ತಮವಾಗಿದೆ, ಉತ್ಸವಗಳ ಮಾಹಿತಿ ಚೆನ್ನಾಗಿದೆ, ಆದರೆ ದೊಡ್ಡ ಕಾಮಗಾರಿಗಳ ಪ್ರಗತಿಯನ್ನು ಹೇಳುವ ರೀತಿಯಲ್ಲಿ ಒಂದು ಮುಖ್ಯ ಕೊರತೆ ಇದೆ: ಹಿಂದೆ ಕೊಟ್ಟ ಗಡುವು ಈಗಿನ ಗಡುವಿನ ಪಕ್ಕದಲ್ಲಿ ಓದುಗರಿಗೆ ಸುಲಭವಾಗಿ ಕಾಣಸಿಗುವುದಿಲ್ಲ.

ಈ ವ್ಯವಸ್ಥೆ ಯಾರೋ ಒಬ್ಬ ಮೇಯರ್ ಪ್ರಚಾರಕ್ಕಾಗಿ ಹುಟ್ಟುಹಾಕಿದ್ದಲ್ಲ ಎಂಬುದನ್ನು ಮೊದಲು ಗಮನಿಸಬೇಕು. 1998ರ ಜನಮತಗಣನೆಯ ನಂತರ, 1999ರಲ್ಲಿ ರೂಪುಗೊಂಡ ಗ್ರೇಟರ್ ಲಂಡನ್ ಅಥಾರಿಟಿ ಕಾಯ್ದೆಯೇ ಇದಕ್ಕೆ ಆಧಾರ. 2000ದಲ್ಲಿ ಜನರು ನೇರವಾಗಿ ಆರಿಸಿದ ಮೊದಲ ಮೇಯರ್ ಕೆನ್ ಲಿವಿಂಗ್‌ಸ್ಟನ್. ಅವರ ನಂತರ ಬೋರಿಸ್ ಜಾನ್ಸನ್, 2016ರಿಂದ ಸಾದಿಕ್ ಖಾನ್. ಅಧಿಕಾರಾವಧಿ ನಾಲ್ಕು ವರ್ಷ. ಮೇಯರ್ ಅವರನ್ನು ಪ್ರಶ್ನಿಸಲೆಂದೇ 25 ಸದಸ್ಯರ ಅಸೆಂಬ್ಲಿ ಇದೆ. ಅವರಲ್ಲಿ 14 ಮಂದಿ ಕ್ಷೇತ್ರಗಳಿಂದ, ಉಳಿದ 11 ಮಂದಿ ಇಡೀ ನಗರದಿಂದ ಆಯ್ಕೆಯಾಗುತ್ತಾರೆ. ವರ್ಷಕ್ಕೆ ಹತ್ತು ಬಾರಿ ಮೇಯರ್ ಈ ಸಭೆಯ ಮುಂದೆ ಬಂದು ಉತ್ತರಿಸಬೇಕು, ಮತ್ತು ಪ್ರತಿ ಸಭೆಗೆ ಮುಂಚೆ ಲಿಖಿತ ವರದಿಯನ್ನು ಸಲ್ಲಿಸಬೇಕು. ತಾನು ತೆಗೆದುಕೊಂಡ ಮಹತ್ವದ ನಿರ್ಧಾರಗಳೇನು, ಅವುಗಳಿಗೆ ಕಾರಣವೇನು, ಅಸೆಂಬ್ಲಿ ಮುಂದಿಟ್ಟ ಪ್ರಸ್ತಾವಗಳಿಗೆ ತನ್ನ ಪ್ರತಿಕ್ರಿಯೆ ಏನು ಎಂಬುದನ್ನು ಆ ವರದಿಯಲ್ಲಿ ಹೇಳಲೇಬೇಕೆಂದು ಕಾಯ್ದೆ ವಿಧಿಸಿದೆ. ನಿರ್ಧಾರದ ಜೊತೆಗೆ ಅದರ ಕಾರಣವನ್ನೂ ಬರೆದುಕೊಡಬೇಕೆಂಬ ಈ ಒಂದು ನಿಯಮವೇ ವರದಿಯನ್ನು ಬರಿಯ ಪ್ರಕಟಣೆಯ ಮಟ್ಟದಿಂದ ಮೇಲಕ್ಕೆತ್ತುತ್ತದೆ ಎಂದು ನಾನು ನಂಬಿದ್ದೇನೆ.

ಆದರೂ ಸಾಮಾನ್ಯ ನಿವಾಸಿಯೊಬ್ಬರು ವರದಿಯಿಂದಲೇ ಓದನ್ನು ಆರಂಭಿಸಬೇಕೆಂದು ನಾನು ಸಲಹೆ ಮಾಡುವುದಿಲ್ಲ. ಅದರ ನಿಜವಾದ ಬೆಲೆ ತಿಳಿಯುವುದು ಲಿಖಿತ ಪ್ರಶ್ನೆಗಳ ಸಂಗ್ರಹವನ್ನು ನೋಡಿದಾಗ. ಅಸೆಂಬ್ಲಿ ಸದಸ್ಯರು ಸಭೆಯಲ್ಲಿ ಬಾಯಿಮಾತಿನಲ್ಲಿ ಕೇಳುವ ಪ್ರಶ್ನೆಗಳು ಬೆರಳೆಣಿಕೆಯಷ್ಟಾದರೆ, ಬರವಣಿಗೆಯಲ್ಲಿ ಕೇಳುವವು ನೂರಾರು. ಒಂದು ನಿಲ್ದಾಣದ ಲಿಫ್ಟ್, ಒಂದು ಬಸ್ಸಿನ ಮಾರ್ಗ ಬದಲಾವಣೆ, ಒಂದು ಮಾರುಕಟ್ಟೆಗೆ ಕೊಟ್ಟ ಅನುದಾನ ಹೀಗೆ ಸಣ್ಣ ಸಂಗತಿಗಳಿಗೂ ಅಲ್ಲಿ ಪ್ರಶ್ನೆ, ಉತ್ತರ, ತಾರೀಕು, ಕೇಳಿದವರ ಹೆಸರು ಎಲ್ಲವೂ ಸಿಗುತ್ತವೆ, ಮತ್ತು ಹಿಂದಿನ ವರ್ಷಗಳ ಉತ್ತರಗಳನ್ನೂ ಹುಡುಕಿ ತೆಗೆಯಬಹುದು. ಮೇಯರ್ ಪ್ರಶ್ನೋತ್ತರ ಸಭೆಯಲ್ಲಿ ಸಾರ್ವಜನಿಕರು ತಾವೇ ಎದ್ದು ಕೇಳುವಂತಿಲ್ಲ. ಆದರೆ ತಮ್ಮ ಕ್ಷೇತ್ರದ ಸದಸ್ಯರಿಗೆ ಬರೆದು, ಅವರ ಮೂಲಕ ಕೇಳಿಸಬಹುದು. ನೇರವಾಗಿ ಕೇಳಬೇಕೆಂದಿರುವವರಿಗೆ ವರ್ಷಕ್ಕೆ ಎರಡು ಬಾರಿ ಜನರ ಪ್ರಶ್ನೋತ್ತರ ಸಭೆಯನ್ನು ಅದೇ ಕಾಯ್ದೆ ಕಡ್ಡಾಯ ಮಾಡಿದೆ. ಮೇಯರ್ ಸಭೆಗಳು ಟವರ್ ಬ್ರಿಜ್ ಪಕ್ಕದ ಹಳೆಯ ದುಂಡನೆಯ ಕಟ್ಟಡದಿಂದ ಪೂರ್ವ ಲಂಡನ್ನಿನ ರಾಯಲ್ ಡಾಕ್ಸ್‌ಗೆ ಸ್ಥಳಾಂತರಗೊಂಡಿವೆ. ರಾಯಲ್ ವಿಕ್ಟೋರಿಯಾ ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. ಹೋಗಲಾಗದವರು ನೇರ ಪ್ರಸಾರದಲ್ಲಿ ನೋಡಬಹುದು. ಒಮ್ಮೆಯಾದರೂ ಪ್ರೇಕ್ಷಕರ ಆಸನದಲ್ಲಿ ಕುಳಿತು ನೋಡಿರೆಂದು ಹೇಳುತ್ತೇನೆ. ವರದಿಯಲ್ಲಿ ಎರಡು ಸಾಲಿನಲ್ಲಿ ಮುಗಿದ ವಿಷಯ ಅಲ್ಲಿ ಅರ್ಧ ಗಂಟೆಯ ಚರ್ಚೆಯಾಗುವುದನ್ನು ನೋಡಿದ ಮೇಲೆ ವರದಿಯನ್ನು ಓದುವ ಕ್ರಮವೇ ಬದಲಾಗುತ್ತದೆ.

ಮೇಲೆ ಹೇಳಿದ ಕೊರತೆಗೆ ಎಲಿಜಬೆತ್ ರೈಲು ಮಾರ್ಗಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಪಶ್ಚಿಮದಲ್ಲಿ ರೆಡಿಂಗ್ ಮತ್ತು ಹೀಥ್ರೂ, ಪೂರ್ವದಲ್ಲಿ ಶೆನ್‌ಫೀಲ್ಡ್ ಮತ್ತು ಆ್ಯಬಿ ವುಡ್ ನಡುವೆ ಹಬ್ಬಿರುವ, ನೂರು ಕಿಲೋಮೀಟರಿಗೂ ಉದ್ದದ ಈ ಮಾರ್ಗದ ನಡುಭಾಗ 2018ರ ಡಿಸೆಂಬರ್‌ನಲ್ಲಿ ತೆರೆಯಬೇಕಿತ್ತು. ಅದು ಸಾಧ್ಯವಿಲ್ಲವೆಂದು ಜನರಿಗೆ ತಿಳಿದದ್ದು ಅದೇ ವರ್ಷದ ಆಗಸ್ಟ್ 31ರಂದು, ಅಂದರೆ ಗಡುವಿಗೆ ಕೇವಲ ಮೂರು ತಿಂಗಳಿನ ಆಸುಪಾಸು ಉಳಿದಿದ್ದಾಗ. ಹೊಸದಾಗಿ ಹೇಳಿದ 2019ರ ಗಡುವೂ ಕೈತಪ್ಪಿ, ಕೊನೆಗೆ ರೈಲು ಓಡಿದ್ದು 2022ರ ಮೇ 24ರಂದು. 14.8 ಶತಕೋಟಿ ಪೌಂಡ್ ಎಂದಿದ್ದ ವೆಚ್ಚ 19 ಶತಕೋಟಿಯ ಸಮೀಪಕ್ಕೆ ಏರಿತು. ಇಷ್ಟು ದೊಡ್ಡ ವಿಳಂಬ ಅಷ್ಟು ತಡವಾಗಿ ಹೊರಬಿದ್ದದ್ದು ಹೇಗೆ ಎಂದು ಅಸೆಂಬ್ಲಿಯ ಸಾರಿಗೆ ಸಮಿತಿ ವಿಚಾರಣೆ ನಡೆಸಿ, 2019ರ ಏಪ್ರಿಲ್‌ನಲ್ಲಿ ವರದಿ ಕೊಟ್ಟಿತು. ಮೇಯರ್ ಅವರಿಗೆ ಹೋಗುತ್ತಿದ್ದ ಮಾಹಿತಿಯಲ್ಲೇ ಅಪಾಯದ ಸೂಚನೆಗಳನ್ನು ಮೃದುಗೊಳಿಸಲಾಗಿತ್ತು ಎಂಬುದು ಸಮಿತಿಯ ಮುಖ್ಯ ಆಕ್ಷೇಪಗಳಲ್ಲಿ ಒಂದು. ಮೇಯರ್ ಅಧೀನದ ಸಾರಿಗೆ ಸಂಸ್ಥೆಯಾದ ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್ ಅದನ್ನು ಒಪ್ಪಲಿಲ್ಲ. ಯಾರ ಮಾತು ಸರಿ ಎಂದು ತೀರ್ಪು ಕೊಡುವುದು ಈ ವಿಮರ್ಶೆಯ ಕೆಲಸವಲ್ಲ. ಆದರೆ ಜನರಿಗೆ ತಲುಪುವ ಮಾಹಿತಿ ಎಷ್ಟು ಕೈಗಳನ್ನು ದಾಟಿ ಬರುತ್ತದೆ, ದಾಟುವಾಗ “ತಡವಾಗುವ ಸಾಧ್ಯತೆ ಹೆಚ್ಚು” ಎಂಬ ಮಾತು “ಸವಾಲುಗಳಿವೆ” ಎಂದು ಹೇಗೆ ಸೌಮ್ಯವಾಗಬಲ್ಲದು ಎಂಬುದನ್ನು ಮರೆಯದೆ ಯಾವುದೇ ಮೇಯರ್ ವರದಿಯನ್ನು ಓದಬೇಕು. ಈಗ ಆ ಮಾರ್ಗ ಚೆನ್ನಾಗಿ ನಡೆಯುತ್ತಿದೆ. ಅದರ ವಿಶಾಲವಾದ ನಿಲ್ದಾಣಗಳನ್ನು ಕಂಡರೆ ನನಗೂ ಸಂತೋಷವಾಗುತ್ತದೆ. ಆದರೂ 2018ರ ಡಿಸೆಂಬರ್ ಅನ್ನು ನಂಬಿ ಬಾಡಿಗೆ ಕರಾರಿಗೆ ಸಹಿ ಹಾಕಿದವರು ಮೂರೂವರೆ ವರ್ಷ ಹೇಗೆ ನಿಭಾಯಿಸಿರಬಹುದು ಎಂಬ ಯೋಚನೆ ಆ ಸಂತೋಷದ ಜೊತೆಗೇ ಬರುತ್ತದೆ.

ಇದಕ್ಕೆ ವಿರುದ್ಧವಾಗಿ, 2025ರ ಏಪ್ರಿಲ್ 7ರಂದು ತೆರೆದ ಸಿಲ್ವರ್‌ಟೌನ್ ಸುರಂಗದ ಮಾಹಿತಿಯನ್ನು ಮನಸಾರೆ ಮೆಚ್ಚುತ್ತೇನೆ. ಥೇಮ್ಸ್ ನದಿಯ ಕೆಳಗೆ 1.4 ಕಿಲೋಮೀಟರ್ ಸಾಗುವ ಈ ಸುರಂಗ ಬೇಕೇ ಬೇಡವೇ ಎಂಬ ವಾದ ವರ್ಷಗಟ್ಟಲೆ ನಡೆದಿತ್ತು, ಇನ್ನೂ ಮುಗಿದಿಲ್ಲ. ಆದರೆ ಬಳಸುವವರಿಗೆ ಬೇಕಾದದ್ದನ್ನು ಸ್ಪಷ್ಟವಾಗಿ ಹೇಳಲಾಯಿತು: ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ ಸುಂಕ, ಮುಂಗಡ ನೋಂದಣಿ ಮಾಡಿಸಿದ ಕಾರಿಗೆ ದಟ್ಟಣೆಯಿಲ್ಲದ ವೇಳೆಯಲ್ಲಿ 1.50 ಪೌಂಡ್, ದಟ್ಟಣೆಯ ವೇಳೆಯಲ್ಲಿ 4 ಪೌಂಡ್. ಅದುವರೆಗೆ ಉಚಿತವಾಗಿದ್ದ ಪಕ್ಕದ ಬ್ಲ್ಯಾಕ್‌ವಾಲ್ ಸುರಂಗಕ್ಕೂ ಅದೇ ದಿನದಿಂದ ಅದೇ ದರ. ಸೈಕಲ್ ಸವಾರರನ್ನು ಸೈಕಲ್ ಸಮೇತ ದಾಟಿಸಲು ಬಸ್, ಕಡಿಮೆ ಆದಾಯದ ಸ್ಥಳೀಯರಿಗೆ ರಿಯಾಯಿತಿ, ಹೊಸ ಬಸ್ ಮಾರ್ಗಗಳು, ಎಲ್ಲವನ್ನೂ ಓದಿದವರಿಗೆ ನಾಳೆ ಬೆಳಗ್ಗೆ ತಾವು ಏನು ಮಾಡಬೇಕು ಎಂಬುದು ತಿಳಿಯುವಂತಿತ್ತು. ಉಚಿತವಾಗಿದ್ದ ದಾರಿಗೆ ಸುಂಕ ಬರುತ್ತದೆ ಎಂಬ ಅಪ್ರಿಯ ಸಂಗತಿಯನ್ನು ಮರೆಮಾಚದೆ ಹೇಳಿದ್ದು ನನಗೆ ಎಲ್ಲಕ್ಕಿಂತ ಹಿಡಿಸಿತು.

ಹೊಸಬರು ಹೆಚ್ಚಾಗಿ ಗೊಂದಲಕ್ಕೀಡಾಗುವುದು ಯಾವ ಕೆಲಸ ಯಾರದು ಎಂಬ ವಿಷಯದಲ್ಲಿ. ಲಂಡನ್ನಿನಲ್ಲಿ ಬರೋ ಎಂದು ಕರೆಯುವ 32 ಸ್ಥಳೀಯ ಆಡಳಿತ ಪ್ರದೇಶಗಳೂ, ಅವುಗಳ ಜೊತೆಗೆ ಸಿಟಿ ಆಫ್ ಲಂಡನ್ ಎಂಬ ಪ್ರತ್ಯೇಕ ಆಡಳಿತವೂ ಇವೆ. ಮೇಯರ್ ಅಧೀನದ ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್ ಸಂಸ್ಥೆಯ ಕೈಯಲ್ಲಿರುವುದು ನಗರದ ರಸ್ತೆಗಳಲ್ಲಿ ಸುಮಾರು ಶೇ. 5ರಷ್ಟು ಮಾತ್ರ, ಅಂಚಿನಲ್ಲಿ ಕೆಂಪು ಗೆರೆ ಎಳೆದಿರುವ ಈ ಹೆದ್ದಾರಿಗಳಲ್ಲೇ ವಾಹನ ಸಂಚಾರದ ಮೂರನೆಯ ಒಂದು ಭಾಗದಷ್ಟು ಸಾಗುತ್ತದೆ ಎಂಬುದು ನಿಜ. ಆದರೆ ನಿಮ್ಮ ಮನೆಯ ಮುಂದಿನ ಗುಂಡಿ, ಬೀದಿದೀಪ, ಕಸದ ಗಾಡಿ ಬಹುಮಟ್ಟಿಗೆ ಬರೋ ಕೌನ್ಸಿಲ್ಲಿನ ಜವಾಬ್ದಾರಿ, ಮತ್ತು ಅವುಗಳನ್ನು ಮೇಯರ್ ವರದಿಯಲ್ಲಿ ಹುಡುಕಿ ಫಲವಿಲ್ಲ. 1887ರಲ್ಲಿ ತೆರೆದ ಹ್ಯಾಮರ್‌ಸ್ಮಿತ್ ಸೇತುವೆ 2019ರ ಏಪ್ರಿಲ್‌ನಿಂದ ಮೋಟಾರು ವಾಹನಗಳಿಗೆ ಮುಚ್ಚಿದೆ. ಅದರ ಒಡೆತನ ಅಲ್ಲಿನ ಬರೋ ಕೌನ್ಸಿಲ್ಲಿನದು, ದುರಸ್ತಿಯ ಖರ್ಚನ್ನು ಕೌನ್ಸಿಲ್, ಸಾರಿಗೆ ಸಂಸ್ಥೆ, ಕೇಂದ್ರ ಸರ್ಕಾರ ಹೇಗೆ ಹಂಚಿಕೊಳ್ಳಬೇಕೆಂಬ ಪ್ರಶ್ನೆ ವರ್ಷಗಟ್ಟಲೆ ಎಳೆಯಿತು. ಇಂಥ ಕಾಮಗಾರಿಯ ಸ್ಥಿತಿ ತಿಳಿಯಲು ಮೂರು ಕಡೆಯ ಹೇಳಿಕೆಗಳನ್ನು ಓದಬೇಕಾಗುತ್ತದೆ. ಒಡೆತನ ಯಾರದೇ ಇರಲಿ, ಇಡೀ ನಗರಕ್ಕೆ ತಾಗುವ ಕಾಮಗಾರಿಗಳನ್ನು ಒಂದೇ ಕಡೆ ಪಟ್ಟಿ ಮಾಡಿ, ಯಾರ ಪಾಲಿನ ಕೆಲಸ ಎಲ್ಲಿ ನಿಂತಿದೆ ಎಂದು ಮೇಯರ್ ಕಚೇರಿಯೇ ತೋರಿಸಬೇಕು ಎಂಬುದು ನನ್ನ ಅಪೇಕ್ಷೆ.

ಮೇಯರ್ ಎಂಬ ಪದವೂ ಇಲ್ಲಿ ಒಂದಕ್ಕಿಂತ ಹೆಚ್ಚು ಅರ್ಥಗಳಲ್ಲಿ ಬಳಕೆಯಾಗುತ್ತದೆ. ಲಂಡನ್ ಮೇಯರ್ ಬೇರೆ, ಸಿಟಿಯ ಲಾರ್ಡ್ ಮೇಯರ್ ಬೇರೆ, ಬರೋಗಳ ಮೇಯರ್‌ಗಳು ಇನ್ನೂ ಬೇರೆ. ಬಹುತೇಕ ಬರೋಗಳಲ್ಲಿ ಅದು ಕೌನ್ಸಿಲರ್ ಒಬ್ಬರಿಗೆ ಒಂದು ವರ್ಷಕ್ಕೆ ಸಿಗುವ ಗೌರವದ ಹುದ್ದೆ. ಕಲಬುರಗಿ ಮೂಲದ ಡಾ. ನೀರಜ್ ಪಾಟೀಲ ಅವರು 2010–11ರಲ್ಲಿ ಲ್ಯಾಂಬೆತ್ ಬರೋದ ಮೇಯರ್ ಆಗಿದ್ದರು. ಅದೇ ಲ್ಯಾಂಬೆತ್‌ನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ, ಥೇಮ್ಸ್ ದಂಡೆಯ ಮೇಲೆ, ಅವರ ಮುತುವರ್ಜಿಯಿಂದ ಸ್ಥಾಪನೆಯಾದ ಬಸವೇಶ್ವರರ ಪ್ರತಿಮೆಯನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ಬಸವ ಜಯಂತಿಯಂದು ಅಲ್ಲಿಗೆ ಹೋಗಬೇಕೆನ್ನುವವರು ಮಾಹಿತಿಯನ್ನು ನಗರದ ಮೇಯರ್ ಪ್ರಕಟಣೆಗಳಲ್ಲಿ ಹುಡುಕುವುದಕ್ಕಿಂತ ಆ ಬರೋದ ಮತ್ತು ಕನ್ನಡ ಸಂಘಟನೆಗಳ ಪ್ರಕಟಣೆಗಳಲ್ಲಿ ನೋಡುವುದು ಒಳ್ಳೆಯದು.

ನಗರ ಮಟ್ಟದ ಉತ್ಸವಗಳ ಮಾಹಿತಿಯಲ್ಲಿ ನನಗೆ ದೂರಲು ಹೆಚ್ಚೇನೂ ಇಲ್ಲ. ಟ್ರಫಾಲ್ಗರ್ ಚೌಕದ ದೀಪಾವಳಿಗೆ ಪ್ರವೇಶ ಉಚಿತ. ಅದು ಪಂಚಾಂಗದ ದಿನದಂದು ನಡೆಯುವುದಿಲ್ಲ, ಸಾಮಾನ್ಯವಾಗಿ ಅದಕ್ಕೆ ಮೊದಲೇ ಬರುವ ಒಂದು ಭಾನುವಾರ ನಡೆಯುತ್ತದೆ. 2024ರಲ್ಲಿ ಅಕ್ಟೋಬರ್ 27ರಂದು ನಡೆಯಿತು. ಹೊಸ ವರ್ಷದ ಪಟಾಕಿ ಪ್ರದರ್ಶನವನ್ನು ಥೇಮ್ಸ್ ದಂಡೆಯಲ್ಲಿ ನಿಂತು ನೋಡಲು 2014ರಿಂದ ಟಿಕೆಟ್ ಕಡ್ಡಾಯವಾಗಿದೆ ಎಂಬುದನ್ನು ತಿಳಿಯದೆ ಚಳಿಯಲ್ಲಿ ಹೊರಟವರಿಗೆ ನಿರಾಶೆ ಖಂಡಿತ. ಊರಿನಿಂದ ಬಂದ ಅಪ್ಪ ಅಮ್ಮನನ್ನು ಕರೆದೊಯ್ಯುವವರಿಗೆ ಮತ್ತೂ ಒಂದು ಮಾತು: ಚೌಕಕ್ಕೆ ಅತಿ ಹತ್ತಿರದ ಚೇರಿಂಗ್ ಕ್ರಾಸ್ ಭೂಗತ ನಿಲ್ದಾಣದಲ್ಲಿ ಮೆಟ್ಟಿಲು ತಪ್ಪಿಸಿ ಮೇಲೆ ಬರಲು ಲಿಫ್ಟ್ ಇಲ್ಲ, ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇದೆ, ಅಲ್ಲಿ ಇಳಿದು ನಿಧಾನವಾಗಿ ನಡೆದು ಬರುವುದು ಮೇಲು. 272 ಭೂಗತ ನಿಲ್ದಾಣಗಳಲ್ಲಿ ಮೂರನೆಯ ಒಂದು ಭಾಗದಷ್ಟರಲ್ಲಿ ಮಾತ್ರ ಇಂಥ ಅನುಕೂಲವಿದೆ. ಆದ್ದರಿಂದ ಉತ್ಸವದ ಪ್ರತಿ ಪ್ರಕಟಣೆಯಲ್ಲೂ ಲಿಫ್ಟ್ ಇರುವ ಹತ್ತಿರದ ನಿಲ್ದಾಣದ ಹೆಸರನ್ನು ಮೊದಲ ಸಾಲಿನಲ್ಲೇ ಕೊಡಬೇಕು.

ಇದನ್ನೆಲ್ಲ ಓದುವಾಗ ಬೆಂಗಳೂರು ನೆನಪಾಗದೆ ಇರುವುದಿಲ್ಲ. ಅಲ್ಲಿನ ಪಾಲಿಕೆಯಲ್ಲಿ 2020ರವರೆಗೆ ಮೇಯರ್ ಹುದ್ದೆಯ ಅವಧಿ ಒಂದು ವರ್ಷವಾಗಿತ್ತು, ಕಾರ್ಯಾಂಗದ ಅಧಿಕಾರ ಆಯುಕ್ತರದಾಗಿತ್ತು; ಒಂದು ಕಾಮಗಾರಿಯ ಶಂಕುಸ್ಥಾಪನೆ ಮಾಡಿದ ಮೇಯರ್ ಅದರ ಉದ್ಘಾಟನೆಯ ವೇಳೆಗೆ ಮಾಜಿ ಆಗಿರುತ್ತಿದ್ದರು. ಬಿಬಿಎಂಪಿಯ ಚುನಾಯಿತ ಕೌನ್ಸಿಲ್ಲಿನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿದ ಮೇಲೆ, ಗಡುವು ತಪ್ಪಿದ ಮೇಲ್ಸೇತುವೆಯ ಬಗ್ಗೆ ನಿಲ್ಲಿಸಿ ಕೇಳಲು ಆ ನಗರಕ್ಕೆ ವರ್ಷಗಟ್ಟಲೆ ಮೇಯರ್ ಎಂಬವರೇ ಇರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳು ರಚನೆಯಾದವು. ಲಂಡನ್ನಿನ ಬರೋಗಳಂತೆಯೇ ಅಲ್ಲಿಯೂ “ಇದು ಯಾರ ರಸ್ತೆ” ಎಂಬ ಪ್ರಶ್ನೆ ಏಳುತ್ತದೆ. ಲಿಖಿತ ಪ್ರಶ್ನೆ, ತಾರೀಕು ಸಮೇತ ಲಿಖಿತ ಉತ್ತರ, ಅದನ್ನು ಯಾರಾದರೂ ಹುಡುಕಿ ಓದಬಹುದಾದ ಸಂಗ್ರಹ ಇವಿಷ್ಟಕ್ಕೆ ಲಂಡನ್ನಿನಷ್ಟು ಶ್ರೀಮಂತಿಕೆಯೇನೂ ಬೇಕಾಗಿಲ್ಲ.

ಈ ಸೇವೆಯ ಮುಂದಿನ ಪರೀಕ್ಷೆ ಆಕ್ಸ್‌ಫರ್ಡ್ ಸ್ಟ್ರೀಟ್ ಎಂದು ನಾನು ಭಾವಿಸುತ್ತೇನೆ. ಅಂಗಡಿಗಳ ಆ ಪ್ರಸಿದ್ಧ ಬೀದಿಯನ್ನು ವಾಹನಮುಕ್ತ ಮಾಡುವ ಯೋಜನೆಯನ್ನು ಮೇಯರ್ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದರು, ಮತ್ತು 2025ರ ಸೆಪ್ಟೆಂಬರ್ 21ರ ಭಾನುವಾರ ಅದರ ಒಂದು ಭಾಗವನ್ನು ವಾಹನಗಳಿಗೆ ಮುಚ್ಚಿ, ಸಂಗೀತ ಮತ್ತು ತಿಂಡಿ ತಿನಿಸುಗಳ ಉತ್ಸವ ನಡೆಸಲಾಯಿತು. ಕಾಮಗಾರಿಯೂ ಉತ್ಸವವೂ ಒಂದೇ ಬೀದಿಯಲ್ಲಿ ಸೇರಿದ ದಿನ ಅದು, ಪ್ರಕಟಣೆಗಳೂ ಅದಕ್ಕೆ ತಕ್ಕ ಉತ್ಸಾಹದಿಂದ ಕೂಡಿದ್ದವು. ಮುಂದಿನ ವರದಿಗಳಲ್ಲಿ ನಾನು ಹುಡುಕುವುದು ಎರಡನ್ನು: ಈ ಬೀದಿಯಿಂದ ಎತ್ತಂಗಡಿಯಾಗುವ ಬಸ್ಸುಗಳು ಯಾವ ಬೀದಿಯಲ್ಲಿ, ಎಷ್ಟು ದೂರದಲ್ಲಿ ನಿಲ್ಲುತ್ತವೆ ಎಂಬ ನಕ್ಷೆ, ಮತ್ತು ಕೆಲಸ ಮುಗಿಯುವ ತಾರೀಕಿನ ಪಕ್ಕದಲ್ಲೇ ಮೊದಲ ದಿನ ಹೇಳಿದ ತಾರೀಕು.