ನಾಲ್ಕು ವರ್ಷ ಕ್ಯಾಶ್‌ಬ್ಯಾಕ್ ಸೈಟ್ ಬಳಸಿದ ಮೇಲೆ: ದುಡ್ಡು ಬರುತ್ತದೆ, ಉತ್ತರ ಬರುವುದಿಲ್ಲ

ಮೊದಲೇ ಹೇಳಿಬಿಡುತ್ತೇನೆ, ಈ ಸೈಟಿನ ಮೇಲೆ ನನಗೆ ಹಗೆ ಏನಿಲ್ಲ. 2021ರ ಮಧ್ಯದಿಂದ ಬಳಸುತ್ತಿದ್ದೇನೆ. ಇಲ್ಲಿಯವರೆಗೆ ಹನ್ನೊಂದು ಸಾವಿರ ಚಿಲ್ಲರೆ ರೂಪಾಯಿ ನನ್ನ ಬ್ಯಾಂಕ್ ಖಾತೆಗೆ ಬಂದಿದೆ. ಯುಪಿಐ ಐಡಿ ಕೊಟ್ಟು ದುಡ್ಡು ಕೇಳಿದರೆ ಮರುದಿನವೇ ಬೀಳುತ್ತದೆ. ಅದರಲ್ಲಿ ಒಮ್ಮೆಯೂ ಮೋಸ ಆಗಿಲ್ಲ. ಸೈಟಿನ ಹೆಸರು ಬರೆಯುವುದಿಲ್ಲ. ಬೇರೆ ಕ್ಯಾಶ್‌ಬ್ಯಾಕ್ ಸೈಟ್ ಬಳಸುವ ಇಬ್ಬರು ಗೆಳೆಯರನ್ನು ಕೇಳಿದೆ, ಅವರ ಕಥೆಯೂ ಹೆಚ್ಚುಕಡಿಮೆ ಇದೇ. ಹಾಗಾಗಿ ಹೆಸರಿನಿಂದ ದೊಡ್ಡ ವ್ಯತ್ಯಾಸ ಆಗಲಾರದು.

ದುಡ್ಡಿನ ವಿಷಯಕ್ಕೆ ಐದರಲ್ಲಿ ನಾಲ್ಕು ಸ್ಟಾರ್. ಏನಾದರೂ ತಪ್ಪಿದಾಗ ಅವರನ್ನು ಮಾತಾಡಿಸುವ ವಿಷಯಕ್ಕೆ ಒಂದು. ಸೊನ್ನೆ ಕೊಡಲು ಜಾಗವೇ ಇಲ್ಲ.

ಇದು ಹೇಗೆ ನಡೆಯುತ್ತದೆ ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಚಿಕ್ಕಪೇಟೆಯಲ್ಲಿ ನಡೆದು ಹೋಗುವಾಗ "ಬನ್ನಿ ಅಕ್ಕ, ಸೀರೆ ನೋಡಿ" ಅಂತ ಅಂಗಡಿಗೆ ಕರೆದುಕೊಂಡು ಹೋಗುವ ಹುಡುಗರು ಇರುತ್ತಾರಲ್ಲ? ನೀವು ಸೀರೆ ಕೊಂಡರೆ ಅವರಿಗೆ ಅಂಗಡಿಯವರು ಕಮಿಷನ್ ಕೊಡುತ್ತಾರೆ. ಕ್ಯಾಶ್‌ಬ್ಯಾಕ್ ಸೈಟ್ ಅಂಥ ಹುಡುಗ. ಒಂದೇ ವ್ಯತ್ಯಾಸ, ತನ್ನ ಕಮಿಷನ್‌ನಲ್ಲಿ ಒಂದು ಪಾಲು ನಿಮಗೂ ಕೊಡುತ್ತಾನೆ. ಟ್ರ್ಯಾಕ್ ಆಗುವುದು ಅಂದರೆ, ನಿಮ್ಮನ್ನು ಕರೆತಂದದ್ದು ಯಾವ ಹುಡುಗ ಅಂತ ಅಂಗಡಿಯವನು ನೆನಪಿಟ್ಟುಕೊಳ್ಳುವುದು. ಬಾಗಿಲ ಹತ್ತಿರ ಇನ್ನೊಬ್ಬ ಹುಡುಗ ಕೈ ಹಿಡಿದರೆ, ಅಂದರೆ ನೀವು ಮಧ್ಯದಲ್ಲಿ ಬೇರೆ ಜಾಹೀರಾತೋ ಕೂಪನ್ ಸೈಟೋ ಒತ್ತಿದರೆ, ಸಾಮಾನ್ಯವಾಗಿ ಕಮಿಷನ್ ಕೊನೆಯವನಿಗೆ ಹೋಗುತ್ತದೆ. ಮೊದಲನೆಯವನ ಕೈ ಖಾಲಿ. ನಿಮ್ಮದೂ ಖಾಲಿ.

ಈ ನೆನಪಿನ ಕೆಲಸ ಬಹಳ ಕಾಲ ಕುಕೀಗಳ, ಅಂದರೆ ವೆಬ್‌ಸೈಟುಗಳು ನಮ್ಮ ಬ್ರೌಸರ್‌ನಲ್ಲಿ ಬಿಟ್ಟುಹೋಗುವ ಪುಟ್ಟ ಗುರುತುಚೀಟಿಗಳ ಮೇಲೆ ನಿಂತಿತ್ತು. ಫೈರ್‌ಫಾಕ್ಸ್ ಬ್ರೌಸರ್ 2019ರಲ್ಲಿ, ನಮ್ಮ ಬೆನ್ನು ಹತ್ತುವ ಟ್ರ್ಯಾಕರ್ ಕುಕೀಗಳನ್ನು ತಾನಾಗಿಯೇ ತಡೆಯಲು ಶುರು ಮಾಡಿತು. ಸಫಾರಿ 2020ರಲ್ಲಿ ಮೂರನೆಯವರ, ಅಂದರೆ ನಾವು ತೆರೆದ ಸೈಟಿನದಲ್ಲದ, ಕುಕೀಗಳಿಗೆ ಪೂರ್ತಿ ಬಾಗಿಲು ಹಾಕಿತು. ನಮ್ಮ ಗೌಪ್ಯತೆಗೆ ಅದು ಒಳ್ಳೆಯದೇ. ಕ್ಯಾಶ್‌ಬ್ಯಾಕ್‌ಗೆ ಮಾತ್ರ ಹೊಡೆತ. ಬ್ರೌಸರ್‌ಗೆ ಅಂಟಿಸಿಕೊಳ್ಳುವ, ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಇದ್ದರಂತೂ ಮುಗಿಯಿತು. ಹಾಗಾಗಿ ಆಗೊಮ್ಮೆ ಈಗೊಮ್ಮೆ ಖರೀದಿ ತಪ್ಪಿಹೋಗುವುದು ಸಹಜ. ನಾಲ್ಕು ವರ್ಷದಲ್ಲಿ ನನಗೆ ಒಂಬತ್ತು ಸಲ ತಪ್ಪಿದೆ. ತಪ್ಪುವುದಕ್ಕೆ ನನ್ನ ತಕರಾರಿಲ್ಲ. ತಪ್ಪಿದೆ ಅಂತ ಹೇಳಲು ಹೋದಾಗ ಏನಾಗುತ್ತದೆ ಅನ್ನುವುದಕ್ಕೆ ಇದೆ.

2024ರ ದಸರಾಕ್ಕೆ ಹತ್ತು ದಿನ ಮುಂಚೆ ವಾಷಿಂಗ್ ಮೆಷಿನ್ ಕೊಂಡೆ, ಒಂದು ಕಂಪನಿಯ ಸ್ವಂತ ವೆಬ್‌ಸೈಟಿನಿಂದ. ಬೆಲೆ 31,490. ಕ್ಯಾಶ್‌ಬ್ಯಾಕ್ ಶೇಕಡಾ 4. ಮನಸ್ಸಿನಲ್ಲೇ 1,260 ರೂಪಾಯಿ ಅಂತ ಲೆಕ್ಕ ಹಾಕಿದ್ದೆ. ಆಮೇಲೆ ಸಣ್ಣ ಅಕ್ಷರದಲ್ಲಿ ನೋಡಿದೆ, ಜಿಎಸ್‌ಟಿ ಬಿಟ್ಟು ಉಳಿದ ಮೊತ್ತಕ್ಕೆ ಮಾತ್ರವಂತೆ. ಶೇಕಡಾ 18 ತೆಗೆದರೆ 1,067. ಇರಲಿ, ಅದೂ ಕಡಿಮೆಯೇನಲ್ಲ ಅಂದುಕೊಂಡೆ. ನನ್ನ ಭಾವ ಅವತ್ತೇ ಹೇಳಿದ್ದ, "ಸುಮ್ನೆ ಅಂಗಡಿಗೆ ಹೋಗಿ ಕೇಳು, ಸಾವಿರ ರೂಪಾಯಿ ಕೈಯಲ್ಲೇ ಬಿಡ್ತಾರೆ" ಅಂತ. ಅವನು ಎಲ್ಲವನ್ನೂ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿನ ಕಣ್ಣಿನಿಂದಲೇ ನೋಡುವವನು. ನಾನು ಕೇಳಲಿಲ್ಲ.

ಆಯುಧಪೂಜೆಗೆ ಮೆಷಿನ್ ಮನೆಗೆ ಬಂದಿತ್ತು. ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿದ್ದೂ ಆಯಿತು. ಖಾತೆಯಲ್ಲಿ ಕ್ಯಾಶ್‌ಬ್ಯಾಕ್ ಮಾತ್ರ ಕಾಣಲಿಲ್ಲ.

ನಿಯಮದ ಪ್ರಕಾರ 72 ಗಂಟೆಯಲ್ಲಿ ಟ್ರ್ಯಾಕ್ ಆಗಬೇಕು. ಆಗದಿದ್ದರೆ 'ಕ್ಯಾಶ್‌ಬ್ಯಾಕ್ ಕಾಣೆಯಾಗಿದೆ' ಅನ್ನುವ ಫಾರ್ಮ್ ತುಂಬಬೇಕು. ಅದನ್ನೂ ಹತ್ತು ದಿನದ ಒಳಗೇ ತುಂಬಬೇಕು. ಮೂರು ದಿನ ಕಾದೆ. ನಾಲ್ಕನೇ ದಿನ ಫಾರ್ಮ್ ತೆರೆದೆ. ಮೊದಲ ಪ್ರಶ್ನೆ: ನಿಮ್ಮ ಕ್ಲಿಕ್ ಆಯ್ಕೆ ಮಾಡಿ. ಕೆಳಗೆ ಪಟ್ಟಿ. ಆ ಪಟ್ಟಿಯಲ್ಲಿ ನಾನು ಹಿಂದಿನ ವಾರ ದಿನಸಿಗೆ ಒತ್ತಿದ್ದ ಒಂದು ಕ್ಲಿಕ್ ಇತ್ತು. ವಾಷಿಂಗ್ ಮೆಷಿನ್‌ದು ಇರಲಿಲ್ಲ. ಕ್ಲಿಕ್ ಆರಿಸದೆ ಮುಂದಿನ ಪುಟ ತೆರೆಯುವುದಿಲ್ಲ. ಬಟನ್ ಬೂದಿ ಬಣ್ಣದಲ್ಲೇ ಇರುತ್ತದೆ.

ನನ್ನ ಸಮಸ್ಯೆ ಏನು? ಕ್ಲಿಕ್ ದಾಖಲಾಗಿಲ್ಲ. ಸಮಸ್ಯೆ ಹೇಳಬೇಕಾದರೆ ಏನು ಬೇಕು? ದಾಖಲಾದ ಕ್ಲಿಕ್. ಮನೆ ಬೀಗದ ಕೈ ಕಳೆದಿದೆ ಅಂತ ದೂರು ಕೊಡಲು ಹೋದರೆ, ಮೊದಲು ಬೀಗ ತೆಗೆದು ಒಳಗೆ ಬಂದು ಅರ್ಜಿ ಬರೆಯಿರಿ ಅಂದ ಹಾಗೆ. ಅರ್ಧ ಗಂಟೆ ಅದನ್ನೇ ನೋಡುತ್ತಾ ಕುಳಿತಿದ್ದೆ. ನಾನೇ ಏನೋ ತಪ್ಪು ಮಾಡುತ್ತಿದ್ದೇನೆ ಅನ್ನಿಸಿತ್ತು.

ಆಮೇಲೆ ಚಾಟ್‌ಬಾಟ್. ನಗುವ ಮುಖ, ಮೂರು ಆಯ್ಕೆ. 'ಕ್ಯಾಶ್‌ಬ್ಯಾಕ್ ಬಂದಿಲ್ಲ' ಒತ್ತಿದರೆ ಅದೇ ಫಾರ್ಮಿಗೆ ಕಳಿಸುತ್ತದೆ. 'ಬೇರೆ ಸಮಸ್ಯೆ' ಒತ್ತಿದರೆ ಸಾಮಾನ್ಯ ಪ್ರಶ್ನೆಗಳ ಪುಟಕ್ಕೆ ಕಳಿಸುತ್ತದೆ. ಆ ಪುಟದ ಕೊನೆಯಲ್ಲಿ 'ನಮ್ಮನ್ನು ಸಂಪರ್ಕಿಸಿ' ಅಂತ ಇರುತ್ತದೆ. ಒತ್ತಿದರೆ ಮತ್ತೆ ಚಾಟ್‌ಬಾಟ್. ಫೋನ್ ನಂಬರ್ ಎಲ್ಲೂ ಇಲ್ಲ. ಕಡೆಗೆ ಷರತ್ತುಗಳ ಪುಟದಲ್ಲಿ, ತುಂಬಾ ಕೆಳಗೆ, ಒಂದು ಇಮೇಲ್ ವಿಳಾಸ ಸಿಕ್ಕಿತು. ಬಿಲ್, ಆರ್ಡರ್ ನಂಬರ್, ಸಮಯ ಎಲ್ಲ ಹಾಕಿ ಬರೆದೆ.

ಒಂದು ವಾರ ಬಿಟ್ಟು ಉತ್ತರ ಬಂತು. "ದಯವಿಟ್ಟು ಹತ್ತು ದಿನದ ಒಳಗೆ ಫಾರ್ಮ್ ಮೂಲಕ ದೂರು ಸಲ್ಲಿಸಿ." ಹತ್ತು ದಿನ ಮುಗಿದು ಅವತ್ತಿಗೆ ಎರಡು ದಿನ ಆಗಿತ್ತು.

ಅಲ್ಲಿಂದ ಶುರುವಾಯಿತು ಹೋದ ಪುಟ್ಟ ಬಂದ ಪುಟ್ಟ. ನಾನು ಫಾರ್ಮಿನ ಸ್ಕ್ರೀನ್‌ಶಾಟ್ ಕಳಿಸಿದೆ. ಅವರು ಫಾರ್ಮಿನ ಲಿಂಕ್ ಕಳಿಸಿದರು. ಕ್ಲಿಕ್ ಪಟ್ಟಿಯಲ್ಲೇ ಇಲ್ಲ ಅಂತ ಬರೆದೆ. ಹಾಗಾದರೆ ನೀವು ನಮ್ಮ ಮೂಲಕ ಹೋಗಿಲ್ಲ ಅಂದರು. ಪ್ರತಿ ಉತ್ತರಕ್ಕೂ ಬೇರೆ ಹೆಸರು, ಪ್ರತಿ ಸಲವೂ ಮೊದಲಿನಿಂದ ಕಥೆ. ಒಟ್ಟು ಏಳು ಮೇಲ್. ಹಳೆಯ ಮೇಲ್ ಒಬ್ಬರೂ ಓದಿದ ಹಾಗೆ ಕಾಣಲಿಲ್ಲ.

'ನಮ್ಮ ಮೂಲಕ ಹೋಗಿಲ್ಲ' ಅಂದದ್ದು ಮಾತ್ರ ಮನಸ್ಸಿಗೆ ಚುಚ್ಚಿತು. ಹೋಗಿದ್ದೆನಲ್ಲ! ನವೆಂಬರ್‌ನಲ್ಲಿ ಒಂದು ಭಾನುವಾರ ಕುಳಿತು ಅವತ್ತು ಏನೇನು ಮಾಡಿದ್ದೆನೋ ಅದನ್ನೇ ಮತ್ತೆ ಮಾಡಿ ನೋಡಿದೆ. ಅವತ್ತು ಬೆಳಿಗ್ಗೆ ಅವರೇ ಕಳಿಸಿದ್ದ ಆಫರ್ ಮೇಲ್ ಬಂದಿತ್ತು. ಜಯನಗರದಿಂದ ಮೆಟ್ರೋದಲ್ಲಿ ಹೋಗುತ್ತಾ ಫೋನಿನಲ್ಲೇ ಅದರ ಲಿಂಕ್ ಒತ್ತಿದ್ದೆ. ಲಿಂಕ್ ತೆರೆದುಕೊಂಡದ್ದು ಮೇಲ್ ಆ್ಯಪಿನ ಒಳಗಿನ ಪುಟ್ಟ ಬ್ರೌಸರ್‌ನಲ್ಲಿ. ಅಲ್ಲಿ ನಾನು ಲಾಗಿನ್ ಆಗಿರಲಿಲ್ಲ. ಸೈಟು ಒಂದು ಮಾತೂ ಹೇಳದೆ, ಲಾಗಿನ್ ಆಗಿ ಅಂತಲೂ ಕೇಳದೆ, ನನ್ನನ್ನು ಅಪರಿಚಿತ ಅಂತಲೇ ಅಂಗಡಿಗೆ ದಾಟಿಸಿತ್ತು. ಕ್ಲಿಕ್ ಇತ್ತು, ಆದರೆ ಅದರ ಮೇಲೆ ನನ್ನ ಹೆಸರಿರಲಿಲ್ಲ.

ಅಂದರೆ ನೋಡಿ, ಅಂಗಡಿಯವರು ಕಮಿಷನ್ ಕೊಟ್ಟಿರಲೂಬಹುದು. ಬಂದಿದ್ದರೆ ಅದು ಸೈಟಿನ ಹತ್ತಿರವೇ ಉಳಿದಿರುತ್ತದೆ. ಬಂದಿದೆಯೋ ಇಲ್ಲವೋ ನನಗೆ ತಿಳಿಯುವ ದಾರಿ ಇಲ್ಲ. ಈ ವ್ಯವಹಾರದಲ್ಲಿ ಕೊಳ್ಳುವವನಿಗೆ ಯಾವ ಪುಸ್ತಕವೂ ಕಾಣುವುದಿಲ್ಲ. ಅಂಗಡಿ, ಮಧ್ಯದಲ್ಲಿ ಲೆಕ್ಕ ಇಡುವ ಒಂದು ಕಂಪನಿ, ಆಮೇಲೆ ಸೈಟು, ಕೊನೆಗೆ ನಾವು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನೋಣ ಅಂದರೆ, ದೇವರು ಕೊಟ್ಟನೋ ಇಲ್ಲವೋ ಅದೂ ಗೊತ್ತಾಗುವುದಿಲ್ಲ.

ಇದನ್ನು ವಿಡಿಯೋ ಮಾಡಿ ಕಳಿಸಿದೆ. "ನಿಮ್ಮ ಸಲಹೆಗೆ ಧನ್ಯವಾದ" ಅಂತ ಬಂತು. ಸಲಹೆ!

ಡಿಸೆಂಬರ್‌ನಲ್ಲಿ ಒಂದು ಹುಚ್ಚು ಕೆಲಸ ಮಾಡಿದೆ. ಷರತ್ತುಗಳ ಪುಟದಲ್ಲಿ ಎಚ್‌ಎಸ್‌ಆರ್ ಲೇಔಟಿನ ವಿಳಾಸ ಇತ್ತು. ನಮ್ಮೂರಲ್ಲೇ ಇದ್ದಾರಲ್ಲ, ಹೋಗಿ ಕೇಳಿಯೇ ಬಿಡೋಣ ಅಂತ ಶನಿವಾರ ಹೊರಟೆ. ರಾಗಿಗುಡ್ಡದಿಂದ ಹೊಸ ಡಬಲ್ ಡೆಕರ್ ಫ್ಲೈಓವರ್ ಹತ್ತಿ ಸಿಲ್ಕ್ ಬೋರ್ಡ್ ದಾಟಿದ್ದು ಒಂದೇ ಅವತ್ತಿನ ಸಂತೋಷ. ಆ ವಿಳಾಸದಲ್ಲಿ ಇದ್ದದ್ದು ಟೇಬಲ್ ಬಾಡಿಗೆಗೆ ಕೊಡುವ ಆಫೀಸು. ಕಂಪನಿಯ ಹೆಸರು ಹೇಳಿದ ಕೂಡಲೇ ಸೆಕ್ಯುರಿಟಿಯವರು ನಕ್ಕರು. "ಅವರು ಖಾಲಿ ಮಾಡಿ ಬಹಳ ದಿನ ಆಯ್ತು ಸಾರ್. ನೀವು ಮೊದಲನೆಯವರಲ್ಲ." ಅವರ ಹತ್ತಿರ ಐದು ನಿಮಿಷ ಮಾತಾಡಿದೆ. ಈ ಇಡೀ ಕಥೆಯಲ್ಲಿ ಅಲ್ಲಿಯವರೆಗೆ ನನ್ನ ಮಾತಿಗೆ ಮುಖ ಕೊಟ್ಟು ಉತ್ತರ ಹೇಳಿದ್ದು ಅವರೊಬ್ಬರೇ. ಮನೆಗೆ ಬಂದ ಮೇಲೆ ಹೆಂಡತಿ ಕೇಳಿದಳು, ಆಟೋಗೆ ಎಷ್ಟಾಯ್ತು ಅಂತ. ಹೇಳಲಿಲ್ಲ.

2020ರ ಇ-ಕಾಮರ್ಸ್ ನಿಯಮಗಳಲ್ಲಿ ಕುಂದುಕೊರತೆ ಅಧಿಕಾರಿ ಇರಬೇಕು, ಅವರ ಹೆಸರು, ಸಂಪರ್ಕ ವಿವರ ಸೈಟಿನಲ್ಲಿ ಕಾಣಬೇಕು, ದೂರು ಬಂದ 48 ಗಂಟೆಯಲ್ಲಿ ಸ್ವೀಕೃತಿ ಕೊಡಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು ಅಂತ ಇದೆ. ಇದನ್ನೇ ಬರೆದು ಅದೇ ವಿಳಾಸಕ್ಕೆ ಮೇಲ್ ಕಳಿಸಿದೆ. 48 ಗಂಟೆ ಯಾಕೆ, 48 ಸೆಕೆಂಡಿನಲ್ಲೇ ಸ್ವೀಕೃತಿ ಬಂತು. ಕಂಪ್ಯೂಟರ್ ಕಳಿಸಿದ್ದು. ಆಮೇಲೆ ಮೌನ.

ಕೆಲಸಕ್ಕೆ ಬಂದದ್ದು ಇದು: ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿದೆ. ನಂಬರ್ 1915. ಕನ್ನಡದಲ್ಲೇ ಮಾತಾಡಿದೆ. ದೂರಿನ ನಂಬರ್ ಎಸ್‌ಎಂಎಸ್‌ನಲ್ಲಿ ಬಂತು. ಇದು ಕೋರ್ಟ್ ಅಲ್ಲ, ಯಾರಿಗೂ ದಂಡ ಹಾಕುವುದಿಲ್ಲ. ನಿಮ್ಮ ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೇಳುತ್ತಾರೆ, ಅಷ್ಟೆ. ಆ ಅಷ್ಟೇ ಸಾಕಾಯಿತು. ಹನ್ನೊಂದು ದಿನಕ್ಕೆ ಸೈಟಿನಿಂದ ಫೋನ್ ಬಂತು. ಮೂರು ತಿಂಗಳಾದ ಮೇಲೆ, ಒಬ್ಬ ಮನುಷ್ಯರು!

ಹೆಣ್ಣುಮಗಳು, ಬಹಳ ಸೌಜನ್ಯದಿಂದ ಮಾತಾಡಿದರು. ನಾನು ಜಗಳಕ್ಕೆ ಸಿದ್ಧವಾಗಿ ಕುಳಿತಿದ್ದೆ, ಅವರ ದನಿ ಕೇಳಿ ಸುಮ್ಮನಾದೆ. ಅವರು ಹೇಳಿದ್ದು ಇಷ್ಟು. ಅಂಗಡಿಗೆ ದೂರು ಕಳಿಸಬೇಕಾದರೆ ಕ್ಲಿಕ್ಕಿನ ನಂಬರ್ ಬೇಕೇ ಬೇಕು. ನಿಮ್ಮ ಹೆಸರಿನಲ್ಲಿ ಅದು ಇಲ್ಲದೆ ಅಂಗಡಿಯವರು ನಮ್ಮ ಮಾತು ಕೇಳುವುದಿಲ್ಲ. ಹೆಸರಿಲ್ಲದ ಕ್ಲಿಕ್ಕನ್ನು ಯಾರಿಗೂ ಜೋಡಿಸಲು ನಮಗೆ ಅನುಮತಿ ಇಲ್ಲ. ಸರಿಯೋ ತಪ್ಪೋ, ಅದೊಂದು ಉತ್ತರ. ಅಕ್ಟೋಬರ್‌ನಲ್ಲೇ ಇದನ್ನು ಹೇಳಿದ್ದರೆ ನಾಲ್ಕು ಮಾತು ಬೈದುಕೊಂಡು ಸುಮ್ಮನಾಗುತ್ತಿದ್ದೆ. ಎಚ್‌ಎಸ್‌ಆರ್‌ಗೂ ಹೋಗುತ್ತಿರಲಿಲ್ಲ.

ಗ್ರಾಹಕ ಆಯೋಗಕ್ಕೆ, ಅಂದರೆ ಗ್ರಾಹಕರ ಕೋರ್ಟಿಗೆ ಹೋಗಿ ಅಂತ ಕೆಲವರು ಹೇಳಿದರು. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ, ನಿಜ. ಆದರೆ 1,067 ರೂಪಾಯಿಗೆ ರಜೆ ಹಾಕಿ ಶಾಂತಿನಗರದ ಆಯೋಗದ ಕಚೇರಿಗೆ ಅಲೆಯುವ ತಾಳ್ಮೆ ನನಗಿಲ್ಲ.

ಈಗಲೂ ಸೈಟ್ ಬಳಸುತ್ತೇನಾ? ಬಳಸುತ್ತೇನೆ, ಸಣ್ಣಪುಟ್ಟದಕ್ಕೆ. ದೊಡ್ಡ ಖರೀದಿಗೆ ಕ್ಯಾಶ್‌ಬ್ಯಾಕ್ ಸಿಗುತ್ತದೆ ಅಂತ ಲೆಕ್ಕ ಹಾಕಿ ಬೆಲೆ ತೀರ್ಮಾನ ಮಾಡುವುದನ್ನು ಬಿಟ್ಟಿದ್ದೇನೆ. ಬಂದರೆ ಬಂತು. ಅದಕ್ಕೆಂದೇ ಬೇರೆ ಬ್ರೌಸರ್ ಇಟ್ಟಿದ್ದೇನೆ, ಅದರಲ್ಲಿ ಯಾವ ಎಕ್ಸ್‌ಟೆನ್ಶನ್ನೂ ಇಲ್ಲ. ಮೇಲ್‌ನ ಲಿಂಕ್ ಒತ್ತುವುದಿಲ್ಲ. ನೇರ ಸೈಟಿಗೆ ಹೋಗಿ, ಮೂಲೆಯಲ್ಲಿ ನನ್ನ ಹೆಸರು ಕಾಣುತ್ತಿದೆಯಾ ಅಂತ ನೋಡಿ, ಆಮೇಲೆ ಒತ್ತುತ್ತೇನೆ. ಮುಂಚೆಯೇ ಕಾರ್ಟ್‌ಗೆ ಹಾಕಿಟ್ಟಿದ್ದರೆ ತೆಗೆದು ಹೊಸದಾಗಿ ಹಾಕುತ್ತೇನೆ. ಫೋನಿನಲ್ಲಿ ಮಾಡುವುದಿಲ್ಲ, ಯಾಕೆಂದರೆ ಲಿಂಕ್ ಒತ್ತಿದ ಕೂಡಲೇ ಅಂಗಡಿಯ ಆ್ಯಪ್ ಎದ್ದು ನಿಂತು ಕ್ಲಿಕ್ಕನ್ನು ನುಂಗಿಬಿಡಬಹುದು. ಬೇರೆ ಕಡೆ ಸಿಕ್ಕ ಕೂಪನ್ ಕೋಡ್ ಹಾಕುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಅಂಗಡಿಯ ಪುಟ ತೆರೆದ ಮೇಲೆ ವಾಪಸ್ ಬಂದು 'ನನ್ನ ಕ್ಲಿಕ್‌ಗಳು' ಪಟ್ಟಿಯಲ್ಲಿ ಅದು ಇದೆಯಾ ನೋಡಿ, ಸಮಯದ ಸಮೇತ ಸ್ಕ್ರೀನ್‌ಶಾಟ್ ತೆಗೆದುಕೊಳ್ಳುತ್ತೇನೆ. ಪಟ್ಟಿಯಲ್ಲಿ ಇಲ್ಲದಿದ್ದರೆ ದುಡ್ಡು ಕಟ್ಟುವುದೇ ಇಲ್ಲ. ನೂರು ರೂಪಾಯಿ ಉಳಿಸಲು ಇಷ್ಟೊಂದು ಮಡಿ! ಭಾವ ನೋಡಿ ನಗುತ್ತಾನೆ.

ಆ ಹೆಣ್ಣುಮಗಳು ಫೋನ್ ಇಡುವ ಮುಂಚೆ, "ನಮ್ಮ ಕಡೆಯಿಂದ 200 ರೂಪಾಯಿ ಹಾಕುತ್ತೇವೆ" ಅಂದಿದ್ದರು. ಹಾಕಿದರು ಕೂಡ. ಆದರೆ ಕ್ಯಾಶ್‌ಬ್ಯಾಕ್ ಖಾತೆಗಲ್ಲ, ರಿವಾರ್ಡ್ ಖಾತೆಗೆ. ರಿವಾರ್ಡ್ ಅಂದರೆ ಬ್ಯಾಂಕಿಗೆ ಬರುವುದಿಲ್ಲ, ಗಿಫ್ಟ್ ವೋಚರ್ ಮಾತ್ರ ತೆಗೆದುಕೊಳ್ಳಬಹುದು, ಅದಕ್ಕೂ ಕನಿಷ್ಠ 250 ಇರಬೇಕು. ಅಲ್ಲಿ ಮೊದಲೇ 12 ರೂಪಾಯಿ ಇತ್ತು. ಒಟ್ಟು 212. ಇನ್ನೂ 38 ಬೇಕು. ರಿವಾರ್ಡ್ ಕೊಡುವ ಅಂಗಡಿಯಿಂದ ಹೋದ ತಿಂಗಳು ಕುಕ್ಕರ್ ಕೊಂಡೆ. ಅದು ಇನ್ನೂ ಟ್ರ್ಯಾಕ್ ಆಗಿಲ್ಲ.